ಕೆಲವರಪಳ್ಳಿ ಕಾಲುವೆ ನೀರಲ್ಲಿ ಸೀಸ, ಕ್ಯಾಡ್ಮಿಯಂ ಇದೆಯೇ? ಈ ಸಲ ಪರೀಕ್ಷೆ ಸರಿಯಾಗಿ ಮಾಡಿಸೋಣ

ಮನೆ 41 (ನಿವೃತ್ತ ಮೇಷ್ಟ್ರು), ಗುರುವಾರ ರಾತ್ರಿ 8.40

ಎಲ್ಲರಿಗೂ ನಮಸ್ಕಾರ. ಹೋದ ವರ್ಷ ನಾವು ಚಂದಾ ಎತ್ತಿ ನಮ್ಮ ಹೊಸೂರಿನ ಕೆಲವರಪಳ್ಳಿ ಅಣೆಕಟ್ಟಿನ ಕಾಲುವೆ ನೀರನ್ನು ಪರೀಕ್ಷೆಗೆ ಕೊಟ್ಟಿದ್ದು ನೆನಪಿರಬಹುದು. ಸೀಸ, ಕ್ಯಾಡ್ಮಿಯಂ ಎಂಬ ಎರಡು ವಿಷಲೋಹಗಳ ಮುಂದೆಯೂ 'ಬಿಡಿಎಲ್' ಅಂತ ಬಂತು, ಅಂದರೆ ಪತ್ತೆ ಮಿತಿಗಿಂತ ಕಡಿಮೆ. ಆ ಹಾಳೆ ನೋಡಿ 'ನಿಮ್ಮ ರಿಪೋರ್ಟಲ್ಲೇ ಏನೂ ಇಲ್ಲವಲ್ಲ' ಎಂದು ನಮ್ಮ ಅರ್ಜಿ ಮುಗಿಸಿಬಿಟ್ಟರು.

ನಿನ್ನೆ ಕಪಾಟು ತೆಗೆದು ಅದರ ಎರಡನೇ ಪುಟ ಓದಿದೆ. ಕೆಳಗೆ ಸಣ್ಣಕ್ಷರದಲ್ಲಿ ಸೀಸದ ಪತ್ತೆ ಮಿತಿ ಲೀಟರಿಗೆ 0.05 ಮಿಲಿಗ್ರಾಂ, ಕ್ಯಾಡ್ಮಿಯಂನದು 0.01 ಅಂತ ಇದೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 (2012) ಸೀಸಕ್ಕೆ ಹಾಕಿರುವ ಗಡಿ 0.01, ಕ್ಯಾಡ್ಮಿಯಂಗೆ 0.003. ಸೀಸ ಗಡಿಯ ನಾಲ್ಕು ಪಟ್ಟು ಇದ್ದಿದ್ದರೂ ಆ ಲ್ಯಾಬಿನ ಯಂತ್ರಕ್ಕೆ ಕಾಣುತ್ತಿರಲಿಲ್ಲ. ರಾಗಿ ಮೂಟೆ ತೂಗುವ ತಕ್ಕಡಿಯಲ್ಲಿ ಮೂಗುತಿ ತೂಗಿದ ಹಾಗೆ. ನೀರಲ್ಲಿ ಲೋಹ ಇದ್ದೇ ಇದೆ ಅಂತ ನಾನು ಹೇಳಲಾರೆ. ಆದರೆ ಇಲ್ಲ ಅಂತ ಹೇಳುವ ಯೋಗ್ಯತೆ ಆ ಹಾಳೆಗೆ ಇರಲಿಲ್ಲ, ಅದನ್ನು ನಂಬಿ ನಾವು ಒಂದು ವರ್ಷ ಸುಮ್ಮನೆ ಕೂತೆವು.

ನೀರು ತಂದದ್ದೂ ಸರಿಯಿರಲಿಲ್ಲ. ಕುಡಿದು ಬಿಟ್ಟ ಬಾಟಲಿಯಲ್ಲಿ ತುಂಬಿ ಎರಡು ದಿನ ಮನೆಯಲ್ಲಿಟ್ಟೆವು. ಆಸಿಡ್ ಹಾಕದೆ ಇಟ್ಟರೆ ಲೋಹ ಬಾಟಲಿಯ ಗೋಡೆಗೆ ಅಂಟಿಕೊಳ್ಳುತ್ತದೆ, ಲ್ಯಾಬಿಗೆ ಹೋಗುವಷ್ಟರಲ್ಲಿ ನೀರಲ್ಲಿ ಕಡಿಮೆ ತೋರಿಸುತ್ತದೆ. ಇಷ್ಟು ವರ್ಷ ರಸಾಯನಶಾಸ್ತ್ರ ಪಾಠ ಹೇಳಿದವನು ನಾನೇ ಅಲ್ಲಿದ್ದೆ, ತಡೆಯಬೇಕಿತ್ತು. ಇನ್ನೊಂದು ಸಲ ಮಾಡೋಣ, ದಯವಿಟ್ಟು.

ಮನೆ 12, ಗುರುವಾರ ರಾತ್ರಿ 9.05

ಮೇಷ್ಟ್ರೇ, ಮಳೆ ಬಂದು ಅಣೆಕಟ್ಟಿನ ಶಟರ್ ತೆಗೆದಾಗ ಹೊಳೆಯಲ್ಲಿ ಆಳೆತ್ತರ ನೊರೆ ಬರುತ್ತಲ್ಲ, ಅಷ್ಟು ನೊರೆ ಇದ್ದ ಮೇಲೆ ಲೋಹ ಇರಲೇಬೇಕಲ್ವಾ? ನಮಗೆ ಕುಡಿಯೋಕೆ ಹೊಗೇನಕಲ್ ನೀರು ಬರುತ್ತೆ, ಸರಿ. ಆದರೆ ಮಕ್ಕಳಿಗೆ ದಿನಾ ಹಾಕೋ ಸೊಪ್ಪು, ತರಕಾರಿ ಎಲ್ಲ ಈ ನೀರಲ್ಲೇ ಬೆಳೆದದ್ದು. ಚಿಕ್ಕವಳಿಗೆ ಈಗ ನಾಲ್ಕು ವರ್ಷ. ನಾನು ನೀರು ಕುದಿಸಿ ಸೊಪ್ಪು ತೊಳೀತೀನಿ.

ಮನೆ 41, ಗುರುವಾರ ರಾತ್ರಿ 9.30

ಅಮ್ಮಾ, ನೊರೆಯೇ ಬೇರೆ, ಲೋಹವೇ ಬೇರೆ. ನೊರೆ ಬರುವುದು ಮುಖ್ಯವಾಗಿ ಬಟ್ಟೆ, ಪಾತ್ರೆ ತೊಳೆಯುವ ಸೋಪಿನ ಪುಡಿಯ ರಾಸಾಯನಿಕಗಳಿಂದ. ನಂದಿ ಬೆಟ್ಟದ ಕಡೆ ಹುಟ್ಟಿ ಹೊಸಕೋಟೆ ದಾಟಿ ಬರುವ ನಮ್ಮ ಹೊಳೆ ದಕ್ಷಿಣ ಪಿನಾಕಿನಿಗೆ ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳ ಕೋಡಿ ನೀರೂ ಸೇರುತ್ತದೆ. ನಮ್ಮ ಅಣೆಕಟ್ಟಿನ ನೊರೆಯ ಮೂಲ ಅಲ್ಲಿದೆ. ಸೀಸಕ್ಕೆ, ಕ್ಯಾಡ್ಮಿಯಂಗೆ ಬಣ್ಣವಿಲ್ಲ, ವಾಸನೆಯಿಲ್ಲ. ನೊರೆ ಇದ್ದು ಲೋಹ ಇಲ್ಲದಿರಬಹುದು. ತಿಳಿನೀರಿನಲ್ಲಿ ಲೋಹ ಇರಲೂಬಹುದು.

ಕುದಿಸಿದರೆ ಲೋಹ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಇನ್ನಷ್ಟು ಗಟ್ಟಿಯಾಗುತ್ತದೆ. ಸೊಪ್ಪನ್ನು ಚೆನ್ನಾಗಿ ತೊಳೆದರೆ ಮೇಲೆ ಅಂಟಿದ ಮಣ್ಣು ಹೋಗುತ್ತದೆ, ಮಣ್ಣಿನಲ್ಲಿ ಸೀಸ ಇದ್ದರೆ ಅದೂ ಹೋಗುತ್ತದೆ. ಅಷ್ಟು ಲಾಭ ಇದ್ದೇ ಇದೆ, ತೊಳೆಯುವುದನ್ನು ಬಿಡಬೇಡಿ. ಬೇರಿನಿಂದ ಒಳಗೆ ಹೋದ ಕ್ಯಾಡ್ಮಿಯಂ ಮಾತ್ರ ಹೋಗದು. ನನಗೆ ಹೆದರಿಕೆ ಅದರದ್ದೇ. ಜಪಾನಿನ ಜಿಂಜು ನದಿಯಲ್ಲಿ ಗಣಿಯ ಕ್ಯಾಡ್ಮಿಯಂ ಹರಿದು ಗದ್ದೆಗೆ ಸೇರಿ, ಅಕ್ಕಿ ಉಂಡವರ ಮೂಳೆ ಮೆತ್ತಗಾಗಿ ಮುರಿಯುತ್ತಿತ್ತು. ಅಲ್ಲಿನ ಸರ್ಕಾರ ಅದನ್ನು ಮಾಲಿನ್ಯದ ಕಾಯಿಲೆ ಅಂತ ಒಪ್ಪಿಕೊಂಡದ್ದು 1968ರಲ್ಲಿ, ಜನ ನರಳಿ ದಶಕಗಳಾದ ಮೇಲೆ. ನಮ್ಮಲ್ಲೂ ಹಾಗಾಗಿದೆ ಅಂತ ತಿಳಿಯಬೇಡಿ. ಕಾಯಿಲೆ ಬರುವವರೆಗೆ ಕಾಯದೆ ಅಳೆಯುತ್ತಾ ಇರಬೇಕು ಅಂತ ಈ ಮಾತು ತೆಗೆದೆ.

ಕಾಲುವೆ ಪಕ್ಕದ ತೋಟದ ಮನೆ, ಶುಕ್ರವಾರ ಬೆಳಿಗ್ಗೆ 6.15

ಮೇಷ್ಟ್ರಿಗೆ ನಮಸ್ಕಾರ. ನಿಮ್ಮ ಮೇಲೆ ಗೌರವ ಐತೆ, ಆದ್ರೆ ಒಂದು ಮಾತು ಹೇಳ್ಬೇಕು. ನೀವು ರಿಪೋರ್ಟ್ ತಂದು ಗ್ರೂಪಲ್ಲಿ ಹಾಕ್ತೀರಿ, ಅದು ಹತ್ತು ಕಡೆ ಹೋಗ್ತದೆ. ನಾಳೆ ಮಾರ್ಕೆಟ್ಟಲ್ಲಿ ನಮ್ಮ ಕೊತ್ತಂಬರಿ, ಟೊಮೇಟೊ ಯಾರು ಮುಟ್ತಾರೆ? ನೀರು ಕೆಡಿಸಿದೋರು ಆರಾಮಾಗಿರ್ತಾರೆ, ಹೊಡೆತ ನಮಗೆ. ಬೋರ್ ಹಾಕ್ಸಿದ್ರೆ ನೀರು ಬರಲ್ಲ, ಬಂದ್ರೂ ಫ್ಲೋರೈಡ್ ಅಂತಾರೆ. ನಾವಾದ್ರೂ ಎಲ್ಲಿಗೆ ಹೋಗೋದು?

ಮನೆ 41, ಶುಕ್ರವಾರ ಬೆಳಿಗ್ಗೆ 7.00

ಅಣ್ಣಾ, ನೀವು ಹೇಳಿದ್ದು ನ್ಯಾಯವಾದ ಮಾತು. ರಿಪೋರ್ಟು ಬಂದ ದಿನ ಮೊದಲು ನಿಮ್ಮ ಜಗಲಿಗೆ ತರುತ್ತೇನೆ. ಕಾಲುವೆ ಕೆಳಗಿನ ರೈತರೆಲ್ಲ ಕೂತು ನೋಡಿದ ಮೇಲೆಯೇ ಮುಂದಿನ ಮಾತು. ಅಲ್ಲಿಯವರೆಗೆ ಯಾರೂ ಫೋಟೋ ತೆಗೆದು ಎಲ್ಲೂ ಹಾಕಬಾರದು, ಗುಂಪಿನವರೆಲ್ಲ ಇದಕ್ಕೆ ಒಪ್ಪಬೇಕು.

ನಿಮ್ಮ ಬೆಳೆಗೆ ಕುಡಿಯುವ ನೀರಿನ ಗಡಿ ಹಿಡಿಯುವುದೂ ತಪ್ಪು. ನೀರಾವರಿಗೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1985ರಲ್ಲಿ ಕೊಟ್ಟ ಬೇರೆ ಮಿತಿಗಳಿವೆ, ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲೇ: ಕ್ಯಾಡ್ಮಿಯಂ 0.01, ಕ್ರೋಮಿಯಂ 0.1, ನಿಕ್ಕಲ್ 0.2. ಸೀಸಕ್ಕೆ 5ರವರೆಗೆ ಬಿಟ್ಟಿದ್ದಾರೆ, ಗಿಡ ಅದನ್ನು ಸುಲಭವಾಗಿ ಹೀರುವುದಿಲ್ಲ. ಪ್ರತಿ ಅಂಕಿಯ ಪಕ್ಕದಲ್ಲಿ ಯಾವ ಬಳಕೆಗೆ ಯಾವ ಗಡಿ ಅಂತ ಬರೆದೇ ಕೊಡೋಣ. ಆಗ ನಿಮ್ಮ ಸೊಪ್ಪಿನ ಮೇಲೆ ಸುಮ್ಮನೆ ಅಪವಾದ ಬರುವುದಿಲ್ಲ.

ಮನೆ 27, ಶುಕ್ರವಾರ ಮಧ್ಯಾಹ್ನ 1.20

ನಾನು ಫ್ಯಾಕ್ಟರಿಯೊಂದರಲ್ಲಿ ತ್ಯಾಜ್ಯನೀರು ಶುದ್ಧ ಮಾಡುವ ಘಟಕ ನೋಡಿಕೊಳ್ಳುತ್ತೇನೆ. ಮೇಷ್ಟ್ರು ಹೇಳಿದ ಎರಡು ಗಡಿಗಳ ಜೊತೆ ಮೂರನೆಯದೂ ಇದೆ. ಕಾರ್ಖಾನೆಯಿಂದ ಹೊಳೆಗೆ ಬಿಡುವ ನೀರಿಗೆ ಪರಿಸರ (ಸಂರಕ್ಷಣೆ) ನಿಯಮ 1986ರ ಸಾಮಾನ್ಯ ಮಿತಿ ಸೀಸಕ್ಕೆ 0.1, ನಿಕ್ಕಲ್‌ಗೆ 3, ಕ್ಯಾಡ್ಮಿಯಂಗೆ 2. ನಿಕ್ಕಲ್‌ನ ಈ ಮಿತಿ ಕುಡಿಯುವ ನೀರಿನ ಗಡಿಯಾದ 0.02ರ 150 ಪಟ್ಟು. ಕ್ಯಾಡ್ಮಿಯಂ ನೀರಾವರಿ ಮಿತಿಯ 200 ಪಟ್ಟು. ಹೊಳೆಯಲ್ಲಿ ಒಳ್ಳೆ ನೀರು ಬೆರೆತು ತೆಳುವಾಗುತ್ತದೆ ಅನ್ನುವ ಲೆಕ್ಕದಲ್ಲಿ ಇಷ್ಟು ಸಡಿಲ. ಏಪ್ರಿಲ್, ಮೇನಲ್ಲಿ ನಮ್ಮ ಹೊಳೆಯಲ್ಲಿ ಬೆರೆಯೋಕೆ ಒಳ್ಳೆ ನೀರು ಎಲ್ಲಿರುತ್ತೆ? ಒಬ್ಬೊಬ್ಬರೂ ನಿಯಮ ಮೀರದೆ ಬಿಟ್ಟರೂ ಹೊಳೆ ಕೆಡಬಹುದು. ಆ ಕೆಲಸ ಮಾಡುವವನಾಗಿ ಇದು ನನ್ನನ್ನು ಕೊರೆಯುತ್ತದೆ.

ಇನ್ನೊಂದು ವಿಷಯ. ಎಲ್ಲ ತಪ್ಪನ್ನೂ ಬೆಂಗಳೂರಿನ ಮೇಲೆ ಹಾಕಬೇಡಿ. ಹೊಸೂರಲ್ಲೂ ನಿಕ್ಕಲ್, ಕ್ರೋಮ್ ಲೇಪ ಹಾಕುವ ಕೆಲಸ ನಡೆಯುತ್ತೆ. ಒಂದೇ ಕಡೆ ನೀರು ತೆಗೆದರೆ ಯಾರದ್ದು ಅಂತ ಗೊತ್ತಾಗಲ್ಲ. ಹೊಳೆ ಗಡಿ ದಾಟಿ ತಮಿಳುನಾಡಿಗೆ ಬರುವಲ್ಲಿ ಒಂದು, ಅಣೆಕಟ್ಟಿಗೆ ಸೇರುವ ಮುಂಚೆ ಒಂದು, ಕಾಲುವೆಯಲ್ಲಿ ಒಂದು. ತಳದ ಹೂಳನ್ನೂ ತೆಗೆಯಲೇಬೇಕು. ನೀರು ಆ ಗಳಿಗೆಯ ಕಥೆ ಹೇಳುತ್ತೆ, ಹೂಳು ವರ್ಷಗಳದ್ದು ಹೇಳುತ್ತೆ. ರಾತ್ರಿ ಹೊತ್ತು ಯಾರೋ ಬಿಟ್ಟು ಹೋದದ್ದು ಬೆಳಿಗ್ಗೆ ನೀರಲ್ಲಿ ಸಿಗದಿದ್ದರೂ ಹೂಳಲ್ಲಿ ಕೂತಿರುತ್ತೆ.

ಮನೆ 8 (ವಕೀಲರು), ಶುಕ್ರವಾರ ಸಂಜೆ 6.45

ನಮ್ಮ ರಿಪೋರ್ಟು ಎಷ್ಟೇ ಚೆನ್ನಾಗಿದ್ದರೂ ಕೋರ್ಟಿನಲ್ಲಿ ಯಾರ ವಿರುದ್ಧವೂ ಅದೊಂದೇ ನಿಲ್ಲುವುದಿಲ್ಲ. ಜಲ ಕಾಯ್ದೆ 1974ರ 21ನೇ ಕಲಂ ಪ್ರಕಾರ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿ ವಿಧಿಪೂರ್ವಕ ತೆಗೆದ ಮಾದರಿಗೇ ತೂಕ. ನಮ್ಮದು ಅವರನ್ನು ಹೊಳೆಗೆ ಇಳಿಸುವುದಕ್ಕೆ. ಜೊತೆಗೆ ಮಾಹಿತಿ ಹಕ್ಕಿನಲ್ಲಿ ಎರಡೂ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಗಳಿಗೆ ಅರ್ಜಿ ಹಾಕುತ್ತೇನೆ, 30 ದಿನದಲ್ಲಿ ಉತ್ತರ ಕೊಡಬೇಕು. ಕೇಳುವುದು ಇಷ್ಟೇ: ಈ ಹೊಳೆಯಲ್ಲಿ ಲೋಹಗಳನ್ನು ಎಲ್ಲಿ, ಯಾವ ದಿನ ಅಳೆದಿರಿ, ಅಂಕಿ ಕೊಡಿ.

'ನಿಮ್ಮ ಹೊಳೆ ಇ ವರ್ಗ, ನೀರಾವರಿಗೆ ಅಡ್ಡಿಯಿಲ್ಲ' ಎಂಬ ಉತ್ತರ ಬಂದರೆ ಸಮಾಧಾನ ಪಟ್ಟುಕೊಳ್ಳಬೇಡಿ. ಕೇಂದ್ರ ಮಂಡಳಿಯ ಎ ಯಿಂದ ಇ ವರೆಗಿನ ಆ ವರ್ಗೀಕರಣದಲ್ಲಿ ಇ ವರ್ಗಕ್ಕೆ ನೋಡುವುದು ಪಿಎಚ್ (ಹುಳಿ-ಕ್ಷಾರದ ಅಳತೆ), ಉಪ್ಪಿನಂಶ, ಸೋಡಿಯಂ, ಬೋರಾನ್. ಸೀಸ, ಕ್ಯಾಡ್ಮಿಯಂನ ಕಾಲಮ್ಮೇ ಅದರಲ್ಲಿಲ್ಲ.

ಮನೆ 12, ಶುಕ್ರವಾರ ಸಂಜೆ 7.10

ಸೋಮವಾರದ ಕುಂದುಕೊರತೆ ದಿನ ಕೃಷ್ಣಗಿರಿ ಕಲೆಕ್ಟರ್ ಆಫೀಸಲ್ಲಿ ಮನು (ಅರ್ಜಿ) ಕೊಡೋದಾದ್ರೆ ತಮಿಳಲ್ಲಿ ನಾನು ಬರೆದುಕೊಡ್ತೀನಿ. ನಾನು ಓದಿದ್ದೇ ತಮಿಳು ಮೀಡಿಯಂ. ಮೇಷ್ಟ್ರು ಕನ್ನಡದಲ್ಲಿ ಹೇಳಿದ್ರೆ ಸಾಕು.

ಮನೆ 41, ಶುಕ್ರವಾರ ರಾತ್ರಿ 9.00

ಬಹಳ ಉಪಕಾರ ಅಮ್ಮಾ, ಆದರೆ ರಿಪೋರ್ಟು ಬಂದ ಮೇಲೆ ಬರೆಯೋಣ. ಎನ್‌ಎಬಿಎಲ್ (ಲ್ಯಾಬುಗಳನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಬೇರೆ ಲ್ಯಾಬಿಗೆ ಫೋನ್ ಮಾಡಿದೆ. ಬೆಲೆಗಿಂತ ಮೊದಲು ಪತ್ತೆ ಮಿತಿ ಕೇಳಿದೆ. ಸೀಸ 0.001, ಕ್ಯಾಡ್ಮಿಯಂ 0.0005ರವರೆಗೆ ಅಳೆಯುತ್ತೇವೆ ಅಂದರು, ಬರಹದಲ್ಲಿ ಕೊಡಿ ಅಂದಿದ್ದೇನೆ. ಆಸಿಡ್‌ನಲ್ಲಿ ತೊಳೆದ ಬಾಟಲಿಗಳನ್ನು ಅವರೇ ಕೊಡುತ್ತಾರೆ. ನೀರು ತೆಗೆದ ಕೂಡಲೆ ನೈಟ್ರಿಕ್ ಆಸಿಡ್ ಹಾಕಿ ಪಿಎಚ್ 2ಕ್ಕಿಂತ ಕೆಳಗೆ ತರಬೇಕು. ಅದನ್ನು ನಾನೊಬ್ಬನೇ ಮುಟ್ಟುತ್ತೇನೆ, ಕೈ ಸುಡುವ ವಸ್ತು. ಹೆಕ್ಸಾವೇಲೆಂಟ್ ಕ್ರೋಮಿಯಂನ (ಕ್ರೋಮಿಯಂನ ಹೆಚ್ಚು ವಿಷದ ರೂಪ) ಬಾಟಲಿಗೆ ಮಾತ್ರ ಆಸಿಡ್ ಹಾಕಬಾರದು. ಐಸಿನಲ್ಲಿಟ್ಟು 24 ಗಂಟೆಯೊಳಗೆ ಪರೀಕ್ಷೆ ಆಗಬೇಕು. ಹಾಗಾಗಿ ಭಾನುವಾರ ಬೇಡ, ಲ್ಯಾಬ್ ತೆರೆದಿರುವ ಸೋಮವಾರವೇ ಹೋಗೋಣ. ಶುದ್ಧ ನೀರಿನದೊಂದು ಬಾಟಲಿಯನ್ನೂ ಇದೇ ರೀತಿ ತುಂಬಿ ಕಳಿಸುತ್ತೇನೆ. ಅದರಲ್ಲೂ ಸೀಸ ಬಂದರೆ ತಪ್ಪು ನಮ್ಮ ಕೈಯದು ಅಂತ ತಿಳಿಯುತ್ತದೆ.

ಮನೆಗೆ 300 ರೂಪಾಯಿ ಕೇಳಬೇಕಾಗಿದೆ. ಕಷ್ಟ ಇರುವವರು ಕೊಡಬೇಡಿ. ಈ ಬೇಸಿಗೆಗೆ ಒಂದು, ಮೊದಲ ಮಳೆ ಕೊಚ್ಚಿ ತರುವಾಗ ಒಂದು, ಎರಡು ಸಲಕ್ಕೆ ಸೇರಿಸಿ ಲೆಕ್ಕ ಹಾಕಿದ್ದೇನೆ.

ಮನೆ 27, ಶುಕ್ರವಾರ ರಾತ್ರಿ 9.10

ಸೋಮವಾರ ರಜೆ ಹಾಕಿದ್ದೇನೆ. ಐಸ್ ಪೆಟ್ಟಿಗೆ, ಹಗ್ಗ, ಪ್ಲಾಸ್ಟಿಕ್ ಬಕೆಟ್ ತರುತ್ತೇನೆ. ಕಬ್ಬಿಣದ ಬಕೆಟ್ ಯಾರೂ ತರಬೇಡಿ.

ಕಾಲುವೆ ಪಕ್ಕದ ತೋಟದ ಮನೆ, ಶುಕ್ರವಾರ ರಾತ್ರಿ 9.40

ನಮ್ಮ ಹೊಲದ ಮಣ್ಣೂ ತಗೊಳ್ಳಿ ಮೇಷ್ಟ್ರೇ. ಕಾಲುವೆ ನೀರು ಬಿದ್ದ ಮಡಿದೊಂದು, ಮಳೆ ನೀರಲ್ಲೇ ಬೆಳೆಯೋ ಮೇಲ್ಗಡೆ ಹೊಲದ್ದೊಂದು. ನಮ್ಮ ಮಕ್ಕಳೂ ಅದೇ ಸೊಪ್ಪು ತಿಂತಾವೆ. ಬೆಳಿಗ್ಗೆ ಆರಕ್ಕೆ ತೂಬಿನ ಹತ್ರ ನಿಂತಿರ್ತೀನಿ, ದಾರಿ ತೋರಿಸ್ತೀನಿ.