ಕೋಳಿ ಲಿವರ್ ಕಹಿ, ಗಿಝರ್ಡ್ ರಬ್ಬರ್: ಎಲ್ಲಿ ಎಡವಟ್ಟಾಗುತ್ತಿದೆ?

ಹೊಸಒಲೆ:
ಎಲ್ಲರಿಗೂ ನಮಸ್ಕಾರ. ನಮ್ಮ ಬೀದಿಯ ಕೋಳಿ ಅಂಗಡಿಯಲ್ಲಿ ಲಿವರ್, ಗಿಝರ್ಡ್ (ಕೋಳಿಯ ಹೊಟ್ಟೆಯಲ್ಲಿ ಕಾಳು ಅರೆಯುವ ಭಾಗ), ಗುಂಡಿಗೆ ಮೂರನ್ನೂ ಒಂದೇ ಕವರ್‌ಗೆ ಹಾಕಿ ಕೊಡುತ್ತಾರೆ. ಅರ್ಧ ಕೆಜಿ ತಂದು ಪೆಪ್ಪರ್ ಫ್ರೈ ಮಾಡುತ್ತೇನೆ. ಮೊಸರು, ನಿಂಬೆರಸ, ಉಪ್ಪು, ಅರಿಶಿನ, ಶುಂಠಿ-ಬೆಳ್ಳುಳ್ಳಿ ಹಾಕಿ ಒಂದು ಗಂಟೆ ನೆನೆಸುತ್ತೇನೆ. ಕುಕ್ಕರ್‌ನಲ್ಲಿ 3 ವಿಷಲ್. ಆಮೇಲೆ ಬಾಣಲೆಯಲ್ಲಿ ಈರುಳ್ಳಿ, ಕರಿಬೇವು, ಕಾಳುಮೆಣಸಿನ ಪುಡಿ ಹಾಕಿ ಹುರಿಯುತ್ತೇನೆ. ಲಿವರ್ ಪುಡಿಪುಡಿಯಾಗುತ್ತದೆ, ಗಿಝರ್ಡ್ ಅಗಿಯಲು ಆಗುವುದಿಲ್ಲ. ಈ ಸಲ ಇಡೀ ಫ್ರೈ ಕಹಿ ಬೇರೆ. ಮನೆಯಲ್ಲಿ ಎಲ್ಲರಿಗೂ ಇಷ್ಟದ ಐಟಂ ಇದು, ಬಿಡಲು ಮನಸ್ಸಿಲ್ಲ.

ಮೆಣಸುಕಾಳು:
ಕಹಿ ಎಲ್ಲಾ ತುಂಡಿನಲ್ಲೂ ಇತ್ತಾ, ಒಂದೆರಡರಲ್ಲಿ ಮಾತ್ರವಾ? ಬರೀ ಮಸಾಲೆ ನೆಕ್ಕಿದರೂ ಕಹಿ ಬಂತಾ? ತೊಳೆಯುವಾಗ ಲಿವರ್ ಮೇಲೆ ಎಲ್ಲಾದರೂ ಹಸಿರು ಬಣ್ಣ ಕಂಡಿತಾ?

ಒಗ್ಗರಣೆಡಬ್ಬಿ:
ಪೆಪ್ಪರ್ ಸೀದಿರಬಹುದು. ಕಾದ ಎಣ್ಣೆಗೆ ಪುಡಿ ಹಾಕಿದರೆ ಬೇಗ ಸೀಯುತ್ತದೆ, ಆಗಲೂ ಕಹಿ ಬರುತ್ತದೆ. ಕೊನೆಯಲ್ಲಿ, ಉರಿ ಆರಿಸುವ ಮುಂಚೆ ಹಾಕಿ ನೋಡಿ.

ಹೊಸಒಲೆ:
ಪೆಪ್ಪರ್ ಕೊನೆಗೇ ಹಾಕಿದ್ದು. ಮಸಾಲೆಯೂ ಕಹಿ ಇತ್ತು. ಹೌದು, ಒಂದು ಲಿವರ್‌ಗೆ ಕಡು ಹಸಿರಿನ ಸಣ್ಣ ಚೀಲದ ಥರದ್ದು ಅಂಟಿಕೊಂಡಿತ್ತು. ಅದರ ಸಮೇತವೇ ಬೇಯಿಸಿದ್ದೇನೆ.

ಮೆಣಸುಕಾಳು:
ಹಾಗಾದರೆ ಕಹಿಗೆ ಕಾರಣ ಸಿಕ್ಕಿತು. ಅದು ಪಿತ್ತದ ಚೀಲ. ಸಾಮಾನ್ಯವಾಗಿ ಅಂಗಡಿಯಲ್ಲೇ ಕಿತ್ತು ಹಾಕುತ್ತಾರೆ, ಒಮ್ಮೊಮ್ಮೆ ಉಳಿದುಬಿಡುತ್ತದೆ. ಕುಕ್ಕರ್‌ನಲ್ಲಿ ಅದು ಒಡೆದರೆ ಪಿತ್ತ ನೀರಿಗೆ ಸೇರಿ ಎಲ್ಲಾ ತುಂಡಿಗೂ ಹತ್ತುತ್ತದೆ. ಆಮೇಲೆ ಸಕ್ಕರೆ, ತೆಂಗಿನಹಾಲು ಏನು ಹಾಕಿದರೂ ಕಹಿ ಪೂರ್ತಿ ಹೋಗುವುದಿಲ್ಲ. ಮುಂದಿನ ಸಲ ಚೀಲ ಕಂಡರೆ ಒತ್ತಬೇಡಿ, ಎಳೆಯಬೇಡಿ. ಅದರ ಸುತ್ತ ಸ್ವಲ್ಪ ಲಿವರ್ ಸೇರಿಸಿಯೇ ಕತ್ತರಿಸಿ ಬಿಸಾಡಿ. ಚೀಲ ಇಲ್ಲದೆ ಹಸಿರು-ಹಳದಿ ಕಲೆ ಮಾತ್ರ ಇದ್ದರೂ ಅಷ್ಟು ಭಾಗ ತೆಗೆಯಿರಿ. ತೊಳೆದರೆ ಹೋಗುತ್ತದೆ ಅಂದುಕೊಳ್ಳಬೇಡಿ.

ಇನ್ನು ದೊಡ್ಡ ವಿಷಯ. ಈ ಮೂರನ್ನೂ ಒಟ್ಟಿಗೆ ಬೇಯಿಸಲೇಬಾರದು. ಅಂಗಡಿಯವರು ಒಂದೇ ಕವರ್‌ಗೆ ಹಾಕಿದರು ಅಂತ ನಾವೂ ಒಂದೇ ಪಾತ್ರೆಗೆ ಹಾಕಬೇಕಿಲ್ಲ, ಅಲ್ವಾ? ಕೋಳಿಗೆ ಹಲ್ಲಿಲ್ಲ. ಕಾಳು ಅರೆಯುವ ಕೆಲಸವೆಲ್ಲ ಗಿಝರ್ಡಿನದು. ಹಾಗಾಗಿ ಅದು ಬಿಗಿಯಾದ ಮಾಂಸಖಂಡ, ನಾರು ಜಾಸ್ತಿ. ಆ ನಾರು ಕರಗಿ ಮೆತ್ತಗಾಗಲು ನೀರು ಬೇಕು, ಹೊತ್ತು ಬೇಕು. ಲಿವರ್‌ನಲ್ಲಿ ಅಂಥ ನಾರು ತೀರಾ ಕಡಿಮೆ. ಕೆಲವೇ ನಿಮಿಷದಲ್ಲಿ ಬೇಯುತ್ತದೆ, ಅದರ ಮೇಲೆ ಬೇಯಿಸಿದಷ್ಟೂ ಒಣಗಿ ಮರಳುಮರಳಾಗುತ್ತದೆ. ನಿಮ್ಮ 3 ವಿಷಲ್ ಗಿಝರ್ಡ್‌ಗೆ ಸಾಲದು, ಲಿವರ್‌ಗೆ ವಿಪರೀತ ಜಾಸ್ತಿ.

ಗಿಝರ್ಡನ್ನು ಸೀಳಿ ಒಳಗಿನ ಹಳದಿ ಪೊರೆ ಇದೆಯಾ ನೋಡಿ. ಇದ್ದರೆ ಉಗುರಿನಿಂದ ಎತ್ತಿ ಸುಲಿಯಿರಿ. ಕಲ್ಲುಪ್ಪು, ಅರಿಶಿನ ಹಾಕಿ ಉಜ್ಜಿ ತೊಳೆದರೆ ವಾಸನೆ ಹೋಗುತ್ತದೆ. ನಲ್ಲಿಯ ಕೆಳಗೆ ಹಿಡಿಯಬೇಡಿ, ಹಸಿ ಮಾಂಸದ ನೀರು ಸಿಂಕ್ ಸುತ್ತ ಸಿಡಿಯುತ್ತದೆ. ಪಾತ್ರೆಯಲ್ಲೇ ನಿಧಾನವಾಗಿ ತೊಳೆಯಿರಿ. ಗುಂಡಿಗೆಯನ್ನು ಎರಡು ಹೋಳು ಮಾಡಿ, ಹೆಪ್ಪುಗಟ್ಟಿದ ರಕ್ತ ತೆಗೆದು ಗಿಝರ್ಡ್ ಜೊತೆಗೇ ಹಾಕಬಹುದು. ಅರ್ಧ ಕಪ್ ನೀರು, ಸ್ವಲ್ಪ ಉಪ್ಪು. ಮೊದಲ ವಿಷಲ್ ಆದ ಮೇಲೆ ಸಣ್ಣ ಉರಿಯಲ್ಲಿ 20 ನಿಮಿಷ. ಪ್ರೆಷರ್ ತಾನಾಗಿ ಇಳಿಯಲಿ. ಚಾಕುವಿನ ತುದಿ ಸಲೀಸಾಗಿ ಇಳಿದರೆ ಆಯಿತು, ಇಲ್ಲದಿದ್ದರೆ ಇನ್ನೊಂದು 5 ನಿಮಿಷ. ಉಳಿದ ರಸ ಚೆಲ್ಲಬೇಡಿ, ಫ್ರೈಗೆ ಅದೇ ರುಚಿ.

ಊರಕೋಳಿ:
ಮೇಲಿನ ಲೆಕ್ಕ ಬ್ರಾಯ್ಲರ್‌ಗೆ. ನಾಟಿ ಕೋಳಿಯದಾದರೆ 30 ನಿಮಿಷಕ್ಕೂ ಜಾಸ್ತಿ ಬೇಕಾಗಬಹುದು. ವಯಸ್ಸಾದ ಹುಂಜವಾದರೆ ಇನ್ನೂ ಹೊತ್ತು.

ಹೊಸಒಲೆ:
ತುಂಬಾ ಥ್ಯಾಂಕ್ಸ್. ಹಾಗಾದರೆ ಲಿವರ್ ಹೇಗೆ? ಹೊರಗೆ ಕೆಂಪಗೆ ಹುರಿದು ಒಳಗೆ ಸ್ವಲ್ಪ ಗುಲಾಬಿ ಬಣ್ಣ ಇರುವಾಗ ಇಳಿಸಿದರೆ ಮೆತ್ತಗಿರುತ್ತದೆ ಅಂತ ಒಂದು ವಿಡಿಯೋದಲ್ಲಿ ನೋಡಿದೆ.

ಮೆಣಸುಕಾಳು:
ದಯವಿಟ್ಟು ಬೇಡ. ಕ್ಯಾಂಪಿಲೋಬ್ಯಾಕ್ಟರ್ ಅನ್ನುವ ಬ್ಯಾಕ್ಟೀರಿಯಾ ಕೋಳಿ ಲಿವರ್‌ನ ಮೇಲ್ಮೈಯಲ್ಲಷ್ಟೇ ಅಲ್ಲ, ಒಳಗೂ ಇರಬಹುದು. ಹೊರಗೆ ಎಷ್ಟು ಹುರಿದರೂ ಒಳಗೆ ಬೇಯದಿದ್ದರೆ ಅದು ಸಾಯುವುದಿಲ್ಲ. ಜ್ವರ, ಹೊಟ್ಟೆನೋವು, ಭೇದಿ ಬರುತ್ತದೆ. ಮಕ್ಕಳು, ವಯಸ್ಸಾದವರು ತಿನ್ನುವ ಮನೆಯಲ್ಲಿ ಈ ರಿಸ್ಕ್ ಯಾಕೆ? ನಡುಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ದೊಡ್ಡ ತುಂಡೊಂದನ್ನು ಕತ್ತರಿಸಿ ನೋಡಿ. ಗುಲಾಬಿ ಬಣ್ಣವಾಗಲಿ ಕೆಂಪು ನೀರಾಗಲಿ ಇರಬಾರದು.

ಪೂರ್ತಿ ಬೇಯಿಸಿಯೂ ಮೆತ್ತಗಿಡಬಹುದು. ತುಂಡುಗಳು ಒಂದೇ ಅಳತೆಯಲ್ಲಿರಲಿ. ನೀರು ಒರೆಸಿ. ಅಗಲ ಬಾಣಲೆ ಚೆನ್ನಾಗಿ ಕಾಯಲಿ. ಒಂದರ ಮೇಲೊಂದು ಬೀಳದ ಹಾಗೆ ಹರಡಿ, ಒಂದೊಂದು ಕಡೆ 2-3 ನಿಮಿಷ. ಸುಮ್ನೆ ಕೈಯಾಡಿಸುತ್ತಾ ಇರಬೇಡಿ, ಒಡೆಯುತ್ತದೆ. ಒಳಗಿನ ಗುಲಾಬಿ ಹೋದ ತಕ್ಷಣ ತಟ್ಟೆಗೆ ತೆಗೆಯಿರಿ. ಅದೇ ಬಾಣಲೆಯಲ್ಲಿ ಈರುಳ್ಳಿ, ಬೆಂದ ಗಿಝರ್ಡ್, ಅದರ ರಸ ಹಾಕಿ ಬತ್ತಿಸಿ. ಲಿವರನ್ನು ಕೊನೆಯ ಒಂದು ನಿಮಿಷಕ್ಕೆ ಸೇರಿಸಿ.

ಒಗ್ಗರಣೆಡಬ್ಬಿ:
ಮೊಸರು, ನಿಂಬೆ ಎರಡೂ ಹಾಕಿ ಒಂದು ಗಂಟೆ ನೆನೆಸುವುದನ್ನೂ ಬಿಡಿ. ಅಷ್ಟು ಹುಳಿಗೆ ಲಿವರ್‌ನ ಹೊರಪದರ ಗಟ್ಟಿಯಾಗುತ್ತದೆ. ಕೊಡಗಿನ ಕಡೆ ಕಾಚಂಪುಳಿ ಅನ್ನುವ ಕಪ್ಪು ಹುಳಿರಸವನ್ನು ಸಾಮಾನ್ಯವಾಗಿ ಕೊನೆಯಲ್ಲಿ ಹಾಕುತ್ತಾರೆ, ನಿಂಬೆಯನ್ನೂ ಹಾಗೇ ಹಿಂಡಿ. ವಾಸನೆಯೇ ತೊಂದರೆ ಅನಿಸಿದರೆ ಅರ್ಧ ಗಂಟೆ ಹಾಲಿನಲ್ಲಿ ಫ್ರಿಜ್‌ನಲ್ಲಿಟ್ಟು, ಹಾಲು ಚೆಲ್ಲಿಬಿಡಿ. ಪಿತ್ತದ ಕಹಿಗೆ ಮಾತ್ರ ಅದು ಔಷಧಿಯಲ್ಲ.

ಹೊಸಒಲೆ:
ಇವತ್ತು ಬೇರೆ ಬೇರೆ ಮಾಡಿದೆ. ಗಿಝರ್ಡ್ ಬೆಣ್ಣೆಯ ಹಾಗೆ ಬೆಂದಿದೆ! ಕಹಿ ಸ್ವಲ್ಪವೂ ಇಲ್ಲ. ಲಿವರೂ ಮೆತ್ತಗಿದೆ, ಆದರೆ ಬಾಣಲೆಯಲ್ಲಿ ಪಟಪಟ ಸಿಡಿದು ಕೈಗೆ ಎಣ್ಣೆ ಹಾರಿತು. ಇನ್ನೊಂದು ಪ್ರಶ್ನೆ. ಅಕ್ಕ ಗರ್ಭಿಣಿ. ರಕ್ತ ಕಡಿಮೆ ಇದೆ ಅಂತ ಮನೆಯವರು ದಿನಾ ಲಿವರ್ ಕೊಡು ಅನ್ನುತ್ತಿದ್ದಾರೆ. ಕೊಡಬಹುದಾ?

ಮೆಣಸುಕಾಳು:
ಸಿಡಿಯುವುದು ತೆಳು ಪೊರೆಯೊಳಗೆ ಸಿಕ್ಕಿಕೊಂಡ ನೀರು ಹಬೆಯಾಗಿ ಪೊರೆ ಒಡೆಯುವುದರಿಂದ. ಫೋರ್ಕ್‌ನಿಂದ ಅಲ್ಲಲ್ಲಿ ಚುಚ್ಚಿ, ಇನ್ನೂ ಚೆನ್ನಾಗಿ ಒರೆಸಿ, ಮೇಲೆ ಜಾಲರಿ ಮುಚ್ಚಿ.

ಅಕ್ಕನಿಗೆ ಲಿವರ್ ಕೊಡಬೇಡಿ. ಕಬ್ಬಿಣಾಂಶ ಚೆನ್ನಾಗಿದೆ, ನಿಜ. ಆದರೆ 100 ಗ್ರಾಂ ಕೋಳಿ ಲಿವರ್‌ನಲ್ಲಿ 3000 ಮೈಕ್ರೋಗ್ರಾಂಗೂ ಜಾಸ್ತಿ ವಿಟಮಿನ್ ಎ ಇರುತ್ತದೆ. ದೊಡ್ಡವರಿಗೆ ಒಂದು ದಿನದ ಗರಿಷ್ಠ ಮಿತಿಯೇ ಅಷ್ಟು. ಗರ್ಭದಲ್ಲಿರುವ ಮಗುವಿಗೆ ಅತಿಯಾದ ವಿಟಮಿನ್ ಎ ತೊಂದರೆ ಮಾಡಬಹುದು. ಬ್ರಿಟನ್ನಿನ ಆರೋಗ್ಯ ಸೇವೆ ಗರ್ಭಿಣಿಯರಿಗೆ ಲಿವರ್ ತಿನ್ನಲೇಬೇಡಿ ಅನ್ನುತ್ತದೆ. ರಕ್ತ ಕಡಿಮೆ ಇದ್ದರೆ ಡಾಕ್ಟರ್ ಕೊಟ್ಟ ಕಬ್ಬಿಣದ ಮಾತ್ರೆ ತಪ್ಪಿಸದೆ ತೆಗೆದುಕೊಳ್ಳಲಿ. ಗಿಝರ್ಡ್, ಗುಂಡಿಗೆಯಲ್ಲಿ ವಿಟಮಿನ್ ಎ ಅಷ್ಟಿಲ್ಲ. ಚೆನ್ನಾಗಿ ಬೇಯಿಸಿ ಅವನ್ನು ಬಡಿಸಿ, ಆದರೆ ಲಿವರ್ ಜೊತೆ ಬೆರೆಸುವ ಮುಂಚೆಯೇ ಅವರ ಪಾಲು ಎತ್ತಿಡಿ.

ಹೊಸಒಲೆ:
ಮನೆಯವರಿಗೆ ಈಗಲೇ ತೋರಿಸುತ್ತೇನೆ. ನನ್ನ ಸಮಸ್ಯೆ ಬಗೆಹರಿಯಿತು.