ಮನೇಲಿ ಚೈನೀಸ್ ಮಾಡಿದ್ರೆ ನಿಜವಾಗ್ಲೂ ದುಡ್ಡು ಉಳಿಯತ್ತಾ? ನಂದು ಪ್ರತಿ ಸಲ ಮುದ್ದೆ ಆಗ್ತಿದೆ

ಅಗುಳೆಣಿಸೋನು

ಎಲ್ರಿಗೂ ನಮಸ್ಕಾರ. ವಿಷ್ಯ ಏನಂದ್ರೆ ನಾನೂ ನನ್ ಹೆಂಡ್ತಿ ಇಬ್ರೂ ಕೆಲ್ಸಕ್ಕೆ ಹೋಗೋರು, ವಾರಕ್ಕೆ ಎರಡು ಸಲನಾದ್ರೂ ಫ್ರೈಡ್ ರೈಸು, ನೂಡಲ್ಸು, ಜೊತೆಗೊಂದು ಸ್ವೀಟ್ ಅಂಡ್ ಸೋರ್ ಚಿಕನ್ ಅಂತ ಪಾರ್ಸೆಲ್ ತರಿಸ್ತಾ ಇದ್ವಿ. ಹೋದ್ ತಿಂಗ್ಳು ಸುಮ್ನೆ ಕೂತು ಫೋನಲ್ಲಿರೋ ಆರ್ಡರೆಲ್ಲ ಕೂಡಿಸಿ ನೋಡ್ದೆ, ನೋಡ್ಬಾರ್ದಿತ್ತು. ಮನೆಗೆ ತರೋ ದಿನಸಿಗೆ ಎಷ್ಟಾಗತ್ತೋ ಹೆಚ್ಚೂಕಮ್ಮಿ ಅಷ್ಟೇ ಇದಕ್ಕೂ ಹೋಗಿದೆ, ಅದ್ರಲ್ಲಿ ಡೆಲಿವರಿ ಚಾರ್ಜು ಡಬ್ಬಿ ಚಾರ್ಜು ಬೇರೆ.

ಸರಿ ಮನೇಲೇ ಮಾಡೋಣ ಅಂತ ಹೋಗಿ ಲೈಟ್ ಸೋಯಾ, ಡಾರ್ಕ್ ಸೋಯಾ, ಆಯ್ಸ್ಟರ್ ಸಾಸ್, ಹೊಯ್ಸಿನ್ ಅನ್ನೋ ಗಟ್ಟಿ ಸಿಹಿ ಸೋಯಾ ಸಾಸ್, ಎಳ್ಳೆಣ್ಣೆ, ಚಿಲ್ಲಿ ಆಯಿಲ್, ಇನ್ನೊಂದು ಯಾವ್ದೋ ಬಾಟ್ಲು ತಂದೆ, ಅದೊಂದೇ ಬಿಲ್ಲು ನಾಲ್ಕು ಪಾರ್ಸೆಲ್ ಆಗೋಷ್ಟು. ಮಾಡಿದ್ ಮೂರು ಸಲವೂ ಅನ್ನ ಮುದ್ದೆ, ತರಕಾರಿ ನೀರು ಬಿಟ್ಕೊಂಡು ಬೆಂದಂಗಿತ್ತು, ಚಿಕನ್ ರಬ್ಬರು. ರುಚಿ ಪರ್ವಾಗಿಲ್ಲ ಆದ್ರೆ ಆ ಅಂಗಡಿ ರುಚಿ ಇಲ್ವೇ ಇಲ್ಲ. ಹೆಂಡ್ತಿ ಏನೂ ಅನ್ಲಿಲ್ಲ, ನಾಲ್ಕನೇ ಸಲಕ್ಕೆ ಸುಮ್ನೆ ಫೋನ್ ತಗೊಂಡು ಆರ್ಡರ್ ಹಾಕಿದ್ಲು 😐

ಪ್ರಶ್ನೆ ಇಷ್ಟೇ. ಇದ್ರಲ್ಲಿ ನಿಜಕ್ಕೂ ಉಳಿತಾಯ ಇದ್ಯಾ? ಇದ್ರೆ ನಾನು ಎಲ್ಲಿ ತಪ್ತಾ ಇದೀನಿ? ಇರೋದು ಮಾಮೂಲಿ ಗ್ಯಾಸ್ ಸ್ಟವ್, ಒಂದು ನಾನ್‌ಸ್ಟಿಕ್ ಪ್ಯಾನು.

ಹೊಗೆಬಾಣಲೆ

ಗುರು ನಾನು ಒಂದಷ್ಟು ವರ್ಷ ಇಂಥ ಅಡುಗೆಮನೇಲೇ ಕೆಲ್ಸ ಮಾಡ್ದೋನು, ನಿಮ್ಮ ತಪ್ಪು ಸಾಸಲ್ಲಿಲ್ಲ, ಅಳತೇಲಿದೆ. ಎಷ್ಟ್ ಜನಕ್ಕೆ ಒಂದೇ ಸಲ ಹಾಕ್ತಾ ಇದೀರಿ? ನಾಲ್ಕು ಪ್ಲೇಟಿಂದು ಒಟ್ಟಿಗೆ ಸುರೀತಿದ್ರೆ ಅಲ್ಲೇ ಕಥೆ ಮುಗೀತು. ಅಲ್ಲಿ ಉರಿಯೋ ಬರ್ನರ್ ಮನೆ ಸ್ಟವ್‌ಗಿಂತ ಎಷ್ಟೋ ಪಟ್ಟು ಜಾಸ್ತಿ, ತರಕಾರಿ ಬಿಟ್ಟ ನೀರು ಬಿಟ್ಟ ತಕ್ಷಣ ಆವಿಯಾಗಿ ಹೋಗತ್ತೆ. ನಿಮ್ಮಲ್ಲಿ ಪ್ಯಾನ್ ತುಂಬಿದ ಕೂಡ್ಲೇ ಬಿಸಿ ಇಳಿದೋಗತ್ತೆ, ನೀರು ಅಲ್ಲೇ ನಿಲ್ಲತ್ತೆ, ಆಮೇಲೆ ನೀವು ಹುರೀತಿಲ್ಲ, ಬೇಯಿಸ್ತಿದೀರ. ಅದಕ್ಕೆ ಒಂದ್ ಸಲಕ್ಕೆ ಒಂದು ಪ್ಲೇಟು, ಮ್ಯಾಕ್ಸಿಮಮ್ ಎರಡು. ಮೊಟ್ಟೆ ಬೇರೆ ಹುರಿದು ತೆಗೀರಿ, ಚಿಕನ್ ಬೇರೆ ಹುರಿದು ತೆಗೀರಿ, ತರಕಾರಿ ಬೇರೆ, ಕೊನೇಗೆ ಎಲ್ಲಾ ಒಟ್ಟಿಗೆ ಸೇರ್ಸಿ ಸಾಸ್ ಹಾಕಿ ಒಂದು ನಿಮಿಷ. ಕ್ಯಾರೆಟ್ಟು ಬೀನ್ಸ್ ಮೊದ್ಲು, ಕ್ಯಾಪ್ಸಿಕಂ ಎಲೆಕೋಸು ಆಮೇಲೆ, ಈರುಳ್ಳಿ ಸೊಪ್ಪು ಒಲೆ ಆರಿಸೋಕೆ ಮುಂಚೆ.

ನಾನ್‌ಸ್ಟಿಕ್ ಪಕ್ಕಕ್ಕಿಡಿ, ಅದನ್ನ ಖಾಲಿ ಇಟ್ಟು ಹೊಗೆ ಬರೋವರ್ಗೂ ಕಾಯಿಸ್ಬಾರ್ದು, ಕೋಟಿಂಗ್ ಹಾಳು, ಹೊಗೆಯೂ ಒಳ್ಳೇದಲ್ಲ. ಮನೇಲಿ ಹಳೇ ಕಬ್ಬಿಣದ ಬಾಣಲೆ ಇದ್ರೆ ಅದೇ ಸಾಕು, ವೋಕ್ ಅಂತ ಚೈನೀಸ್ ಬಾಣಲೆ ಕೊಳ್ಳೋಕೆ ಹೋಗ್ಬೇಡಿ. ಚೆನ್ನಾಗಿ ಉಜ್ಜಿ ಒಣಗ್ಸಿ ತೆಳ್ಳಗೆ ಎಣ್ಣೆ ಸವರಿ ಹೊಗೆ ಆಡೋವರ್ಗೂ ಕಾಯ್ಸಿ, ಆರಿಸಿ, ಮತ್ತೆ ಸವರಿ, ಹೀಗೆ ಮೂರ್ನಾಲ್ಕು ಸಲ ಮಾಡಿದ್ರೆ ಅಂಟೋದು ನಿಲ್ಲತ್ತೆ. ನೀವು ಹೇಳ್ತಿರೋ ಅಂಗಡಿ ರುಚೀಲಿ ಅರ್ಧ ಈ ಕಾದ ಕಬ್ಬಿಣದ್ದು, ಕ್ಯಾಂಟನೀಸ್‌ನಲ್ಲಿ ಅದಕ್ಕೆ ವೋಕ್ ಹೇ ಅಂತಾರೆ, ವೋಕಿನ ಉಸಿರು ಅಂತ. ಮನೇಲಿ ಅದು ಪೂರ್ತಿ ಬರಲ್ಲ, ಬರತ್ತೆ ಅಂತ ಯಾರಾದ್ರೂ ವಿಡಿಯೋ ಮಾಡಿದ್ರೆ ನಂಬ್ಬೇಡಿ. ಮುಕ್ಕಾಲು ಬರತ್ತೆ.

ಚಿಕನ್ ರಬ್ಬರ್ ಆಗೋದಕ್ಕೆ ಮದ್ದು ಕಾರ್ನ್‌ಫ್ಲೋರು. 250 ಗ್ರಾಂ ಬೋನ್‌ಲೆಸ್, ಎಳೆಗೆ ಅಡ್ಡ ಬರೋ ಹಾಗೆ ತೆಳ್ಳಗೆ ಕತ್ತರಿಸಿ. ಎರಡು ಟೀ ಚಮಚ ಸೋಯಾ, ಎರಡು ಟೀ ಚಮಚ ಕಾರ್ನ್‌ಫ್ಲೋರು, ಒಂದು ಚಮಚ ಎಣ್ಣೆ, ಎರಡು ಚಮಚ ನೀರು, ಕೈಯಲ್ಲಿ ಕಲಸಿ ಅರ್ಧ ಗಂಟೆ ಫ್ರಿಜ್ಜಲ್ಲಿಡಿ. ಗಟ್ಟಿ ಮಾಂಸ ಆದ್ರೆ ಅದಕ್ಕೂ ಮುಂಚೆ ಕಾಲು ಟೀ ಚಮಚ ಅಡುಗೆ ಸೋಡಾ ಹಚ್ಚಿ 15 ನಿಮಿಷ ಬಿಟ್ಟು ತೊಳೀಬೇಕು, ತೊಳೀದಿದ್ರೆ ಸೋಪು ತಿಂದಂಗಿರತ್ತೆ, ಅನುಭವದಿಂದ ಹೇಳ್ತಿದೀನಿ. ಅಗ್ಗದ ಮಾಂಸನೂ ಅಂಗಡೀಲಿ ಮೆತ್ತಗಿರೋ ಗುಟ್ಟು ಇದೇ.

ಅರೆಬೆಂದ

ಹೆಂಡ್ತಿ ಏನೂ ಅನ್ನದೆ ಫೋನ್ ತಗೊಂಡ್ರು ಅನ್ನೋದು ಬೈಗುಳಕ್ಕಿಂತ ದೊಡ್ಡ ರಿವ್ಯೂ ಗುರು 😂

ಸೀರಿಯಸ್ಸಾಗಿ, ಅನ್ನ ಮುದ್ದೆ ಆಗ್ತಿದ್ರೆ ನಿನ್ನೆ ರಾತ್ರಿದು ಬಳಸಿ. ನಾನು ರಾತ್ರಿ ಕುಕ್ಕರಲ್ಲೇ ಹಾಗೇ ಬಿಟ್ಟು ಮಾರನೇ ದಿನ ಮಧ್ಯಾಹ್ನ ಹುರೀತೀನಿ, ಸೂಪರ್ರಾಗಿ ಉದುರುದುರು ಬರತ್ತೆ.

ಮೂರುಚಮಚ

@ಅರೆಬೆಂದ ನಿನ್ನೆ ಅನ್ನ ಸರಿ, ಆದ್ರೆ ಕುಕ್ಕರಲ್ಲಿ ರಾತ್ರಿ ಪೂರ್ತಿ ಹೊರಗೆ ಬಿಡೋದು ದಯವಿಟ್ಟು ಬಿಡಿ. ಅಕ್ಕೀಲಿ ಬ್ಯಾಸಿಲಸ್ ಸೀರಿಯಸ್ ಅಂತ ಒಂದು ಬ್ಯಾಕ್ಟೀರಿಯಾ ಇರತ್ತೆ, ಅದರ ಬೀಜಾಣು ಅನ್ನ ಬೆಂದ್ರೂ ಸಾಯಲ್ಲ, ಬೆಚ್ಚಗಿನ ಅನ್ನದಲ್ಲಿ ಬೆಳೆದು ವಿಷ ಬಿಡತ್ತೆ, ಆ ವಿಷ ಮತ್ತೆ ಹುರಿದ್ರೂ ಹೋಗಲ್ಲ. ಫ್ರೈಡ್ ರೈಸ್ ತಿಂದು ವಾಂತಿ ಆಯ್ತು ಅನ್ನೋ ಕೇಸುಗಳಲ್ಲಿ ಬಹಳಷ್ಟು ಇದೇ. ಬೆಂದ ಅನ್ನನ ಅಗಲವಾದ ತಟ್ಟೇಲಿ ಹರಡಿ, ಆವಿ ಹೋಗ್ಲಿ, ಒಂದು ಗಂಟೆ ಒಳಗೆ ಫ್ರಿಜ್ಜಿಗೆ, ಮಾರನೇ ದಿನ ಮುಗಿಸ್ಬಿಡಿ. ತಣ್ಣಗಾದ್ಮೇಲೆ ಅನ್ನದ ಪಿಷ್ಟ ಗಟ್ಟಿಯಾಗತ್ತೆ, ಮೇಲ್ಮೈ ಒಣಗತ್ತೆ, ಅದಕ್ಕೇ ಉದುರತ್ತೆ. ಅವತ್ತಿಗವತ್ತೇ ಬೇಕಂದ್ರೂ ನೀರು ಸ್ವಲ್ಪ ಕಮ್ಮಿ ಇಟ್ಟು ಬೇಯ್ಸಿ, ಹರಡಿ ಫ್ಯಾನ್ ಹಾಕಿದ್ರೆ ಅರ್ಧ ಗಂಟೇಲಿ ಕೆಲ್ಸ ಆಗತ್ತೆ.

ಈಗ ದುಡ್ಡಿನ ವಿಷ್ಯ, ನಂಗೆ ನಿಜವಾದ ಆಸಕ್ತಿ ಇರೋದು ಅಲ್ಲಿ. ನೀವು ಏಳು ಬಾಟ್ಲು ತಂದಿದ್ದೇ ನಷ್ಟ. ಮೆನು ನೋಡ್ಕೊಂಡು ಬಾಟ್ಲು ತಂದ್ರೆ ಯಾವತ್ತೂ ಉಳಿಯಲ್ಲ, ಎಲ್ಲದ್ರಲ್ಲೂ ಎರಡೆರಡು ಚಮಚ ಖಾಲಿಯಾಗಿ ಬಾಕಿದು ಫ್ರಿಜ್ ಬಾಗಿಲಲ್ಲಿ ಮುದುಕಾಗತ್ತೆ. ನಾನು ಎರಡು ವರ್ಷದಿಂದ ಇಟ್ಟಿರೋದು ಲೈಟ್ ಸೋಯಾ, ಡಾರ್ಕ್ ಸೋಯಾ, ವಿನೆಗರ್, ಎಳ್ಳೆಣ್ಣೆ, ಕಾರ್ನ್‌ಫ್ಲೋರು, ಅಷ್ಟೇ. ಸಕ್ಕರೆ, ಕೆಚಪ್ಪು, ಬೆಳ್ಳುಳ್ಳಿ, ಶುಂಠಿ ಹೇಗೂ ಇರತ್ತೆ. ಲೈಟು ಉಪ್ಪಿಗೆ, ಡಾರ್ಕು ಬಣ್ಣಕ್ಕೆ, ಇವೆರಡನ್ನ ಅದಲು ಬದಲು ಮಾಡ್ಬೇಡಿ, ಡಾರ್ಕನ್ನ ಲೈಟ್ ತರ ಸುರಿದ್ರೆ ತಟ್ಟೆ ಕೀಲೆಣ್ಣೆ ಬಿದ್ದಂಗೆ ಕಾಣತ್ತೆ.

ಒಂದು ಕಪ್ ಸ್ಟಾಕು (ತರಕಾರಿ ಇಲ್ಲಾ ಮೂಳೆ ಬೇಯ್ಸಿದ ನೀರು) ಅಥವಾ ಬರೀ ನೀರು, ಮೂರು ಚಮಚ ಲೈಟು, ಒಂದು ಚಮಚ ಡಾರ್ಕು, ಒಂದು ಚಮಚ ಸಕ್ಕರೆ, ಎರಡು ಟೀ ಚಮಚ ವಿನೆಗರು. ಇದು ಬೇಸ್. ಬೆಳ್ಳುಳ್ಳಿ ಜಾಸ್ತಿ ಹಾಕಿದ್ರೆ ಒಂದು ಐಟಮ್ಮು, ಒಣಮೆಣಸಿನಕಾಯಿ ಕಡ್ಲೇಬೀಜ ಹಾಕಿದ್ರೆ ಇನ್ನೊಂದು, ಕಾಳುಮೆಣಸು ಈರುಳ್ಳಿ ಹಾಕಿದ್ರೆ ಮತ್ತೊಂದು. ಭಾನುವಾರ ನಾಲ್ಕು ಪಟ್ಟು ಮಾಡಿ ಬಾಟ್ಲಲ್ಲಿ ಫ್ರಿಜ್ಜಲ್ಲಿಟ್ರೆ ಆ ವಾರದ ಸಾಸ್ ಆಯ್ತು. ಕಾರ್ನ್‌ಫ್ಲೋರ್ ಮಾತ್ರ ಮೊದ್ಲೇ ಸೇರಿಸ್ಬೇಡಿ. ಗಟ್ಟಿ ಮಾಡಿದ ಸಾಸ್ ಫ್ರೀಜರಲ್ಲಿಟ್ಟು ಕರಗಿಸಿದ್ರೆ ನೀರೊಂದು ಕಡೆ ಮುದ್ದೆಯೊಂದು ಕಡೆ ಆಗತ್ತೆ, ಅವತ್ತಿಂದವತ್ತೇ ಒಂದು ಚಮಚನ ಎರಡು ಚಮಚ ತಣ್ಣೀರಲ್ಲಿ ಕದಡಿ ಕುದಿಯೋ ಸಾಸಿಗೆ ಹಾಕಿ. ಹಾಕೋ ಮುಂಚೆ ಮತ್ತೊಂದ್ಸಲ ಕದಡಿ, ತಳ ಹಿಡ್ದಿರತ್ತೆ.

ಸ್ವೀಟ್ ಅಂಡ್ ಸೋರ್‌ಗೆ ಬೇರೆ ಬಾಟ್ಲೇ ಬೇಡ: ಮೂರು ಸಕ್ಕರೆ, ಮೂರು ವಿನೆಗರು, ಎರಡು ಕೆಚಪ್ಪು, ಒಂದು ಸೋಯಾ, ನಾಲ್ಕು ನೀರು, ಎಲ್ಲಾ ಒಂದೇ ಚಮಚದಲ್ಲಿ.

ಸಂಜೆಹಸಿವು

ಒಂದು ಡೌಟು. ಇಷ್ಟೆಲ್ಲ ಮಾಡಿದ್ರೂ ಏನೋ ಒಂದು ಕಮ್ಮಿ ಅನ್ಸತ್ತೆ, ಅದು ಆ ಬಿಳಿ ಪುಡಿ ಅಲ್ವಾ, ಅಜಿನೊಮೊಟೊ? ಅದನ್ನ ಮನೇಲಿ ಹಾಕೋಕೆ ಭಯ, ತಲೆನೋವು ಬರತ್ತೆ ಅಂತಾರೆ.

ಹೊಗೆಬಾಣಲೆ

ಹೌದು ಅದೇ. ಹಾಕಿ, ಚಿಟಿಕೆ ಸಾಕು. 1908ರಲ್ಲಿ ಜಪಾನಿನ ಕಿಕುನೇ ಇಕೆಡಾ ಅನ್ನೋ ಕೆಮಿಸ್ಟ್ರಿ ಪ್ರೊಫೆಸರ್ ಕೊಂಬು ಅನ್ನೋ ಸಮುದ್ರದ ಸಸ್ಯದ ಸಾರಿನ ರುಚಿ ಎಲ್ಲಿಂದ ಬರತ್ತೆ ಅಂತ ಹುಡುಕ್ತಾ ಹೋಗಿ ಬೇರ್ಪಡಿಸಿದ್ದು, ಮಾರನೇ ವರ್ಷವೇ ಮಾರಾಟಕ್ಕೆ ಬಂತು. ಟೊಮ್ಯಾಟೊ, ಅಣಬೆ, ಚೀಸಲ್ಲಿ ತಾನಾಗೇ ಇರೋ, ರುಚಿ ಕೊಡೋ ಗ್ಲುಟಮೇಟ್ ಅನ್ನೋ ಅಂಶವೇ ಇದು. ತಲೆನೋವಿನ ಮಾತು 1968ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಗೆ ಒಬ್ರು ಬರೆದ ಕಾಗದದಿಂದ ಹಬ್ಬಿದ್ದು, ಆಮೇಲೆ ಹಾಕಿದ್ದು ಹಾಕದಿದ್ದು ಹೇಳದೆ ಕೊಟ್ಟು ಪರೀಕ್ಷೆ ಮಾಡ್ದಾಗ ಅದು ಗಟ್ಟಿಯಾಗಿ ನಿಲ್ಲಲಿಲ್ಲ. ನಿಮ್ಗೆ ಆಗಲ್ಲ ಅನ್ಸಿದ್ರೆ ಬಿಟ್ಬಿಡಿ, ಅದ್ರಲ್ಲಿ ಜಗಳ ಇಲ್ಲ. ಹಾಕಿದ್ರೆ ಉಪ್ಪು ಕಮ್ಮಿ ಮಾಡಿ ಅಷ್ಟೇ, ಅದ್ರಲ್ಲೂ ಸೋಡಿಯಂ ಇದೆ, ಉಪ್ಪಿನ ಮೂರನೇ ಒಂದು ಭಾಗದಷ್ಟು.

ಸೊಪ್ಪುಸದೆ

ನಾವು ಮಾಂಸ ತಿನ್ನಲ್ಲ, ಅಜಿನೊಮೊಟೊ ಡಬ್ಬಿನೂ ತಂದಿಲ್ಲ, ಆದ್ರೂ ಆ ರುಚಿ ಸಿಕ್ಕಿದೆ. ಒಣ ಶಿಟಾಕೆ ಅಣಬೆ ನಾಲ್ಕೈದು ಬಿಸಿನೀರಲ್ಲಿ ನೆನೆಹಾಕಿ, ಆ ನೀರು ಚೆಲ್ಬೇಡಿ, ಅದೇ ನಿಮ್ಮ ಸ್ಟಾಕು. ಸೋಸಿ ಹಾಕಿ, ತಳದಲ್ಲಿ ಮಣ್ಣಿರತ್ತೆ. ಒಂದು ಪ್ಯಾಕೆಟ್ಟು ತಿಂಗಳುಗಟ್ಲೆ ಬರತ್ತೆ, ಆಯ್ಸ್ಟರ್ ಸಾಸ್ ನೆನಪೂ ಆಗಲ್ಲ.

ತೋಫು ಪುಡಿಪುಡಿ ಆಗತ್ತೆ ಅನ್ನೋರು ಅದನ್ನ ಒಂದು ರಾತ್ರಿ ಫ್ರೀಜರಲ್ಲಿಟ್ಟು ಕರಗಿಸಿ ಕೈಯಲ್ಲಿ ಒತ್ತಿ ನೀರು ತೆಗೀರಿ. ಒಳಗೆ ಸ್ಪಂಜಿನ ತರ ತೂತು ಬಿದ್ದಿರತ್ತೆ, ಸಾಸೆಲ್ಲ ಹೀರ್ಕೊಳತ್ತೆ. ನಮ್ಮ ಮಗ ಅದನ್ನ ಚಿಕನ್ ಅಂದ್ಕೊಂಡು ತಿನ್ನೋಕೆ ಒಪ್ದೇ ಹೋದ, ಅದು ಬೇರೆ ಕಥೆ.

ಬಿಲ್ಲುಪುಸ್ತಕ

ನಾನು ಸ್ವಲ್ಪ ಉಲ್ಟಾ ಮಾತಾಡ್ತೀನಿ. ಎಲ್ಲಾನೂ ಮನೇಲಿ ಮಾಡ್ಬೇಕಾ? ಕರಿದ ಐಟಮ್ಮು ಮನೇಲಿ ಮಾಡಿದ್ರೆ ನಂಗೆ ಒಂದು ಪೈಸೆ ಉಳಿದಿಲ್ಲ. ಅರ್ಧ ಲೀಟರ್ ಎಣ್ಣೆ ಕಾಯ್ಸಿ, ಗರಿಗರಿ ಆಗೋಕೆ ಎರಡು ಸಲ ಕರೀಬೇಕು, ಮೊದ್ಲು 160 ಡಿಗ್ರಿ ಹತ್ರ ಬೇಯೋಕೆ, ಆಮೇಲೆ 190ರಲ್ಲಿ ಒಂದು ನಿಮಿಷ ಗರಿಗೆ, ಆ ಎಣ್ಣೆ ಆಮೇಲೆ ಏನ್ಮಾಡೋದು, ಗೋಡೆ ಒರೆಸೋರು ಯಾರು. ಫ್ರೈಡ್ ರೈಸು ನೂಡಲ್ಸು ಸೂಪು ಮೂರೂ ಮನೇಲಿ, ಅಲ್ಲೇ ಲಾಭ ಇರೋದು, ಯಾಕಂದ್ರೆ ಅಕ್ಕಿ, ಎಲೆಕೋಸು, ಮೊಟ್ಟೆಗೆ ನೀವು ಅಂಗಡೀಲಿ ಕೊಡ್ತಿರೋದು ಸಾಮಾನಿನ ದುಡ್ಡಲ್ಲ, ಬಾಡಿಗೆ, ಕೂಲಿ, ಡೆಲಿವರಿ ದುಡ್ಡು. ಕರಿದಿದ್ದು ಒಂದು ಐಟಮ್ ಬೇಕಂದ್ರೆ ಅದೊಂದನ್ನೇ ತರ್ಸಿ, ಸಾಧ್ಯ ಆದ್ರೆ ನಡ್ಕೊಂಡು ಹೋಗಿ ತನ್ನಿ. ನಮ್ಮನೇಲಿ ಹೀಗೆ ಮಾಡಿ ಬಿಲ್ಲು ಅರ್ಧಕ್ಕಿಂತ ಕೆಳಗೆ ಬಂದಿದೆ, ಯಾರೂ ಮುಖ ಉಬ್ಬಿಸ್ಕೊಂಡಿಲ್ಲ.

ಮೂರುಚಮಚ

@ಬಿಲ್ಲುಪುಸ್ತಕ ನಿಮ್ ಲೆಕ್ಕ ಒಪ್ದೆ, ಗೋಡೆ ವಿಷ್ಯನೂ ಒಪ್ದೆ. ಆದ್ರೆ ಕರೀಲೇಬೇಕು ಅಂತೇನಿಲ್ಲ, ಚಿಕನ್ನಿಗೆ ಒಣ ಕಾರ್ನ್‌ಫ್ಲೋರ್ ಹೊರಳ್ಸಿ ನಾಲ್ಕು ಚಮಚ ಎಣ್ಣೇಲಿ ಎರಡೂ ಕಡೆ ಕೆಂಪಗೆ ಬೇಯ್ಸಿ ಸಾಸಿಗೆ ಹಾಕಿದ್ರೆ ಮುಕ್ಕಾಲು ಭಾಗ ಅದೇ. ಸಾಸಲ್ಲಿ ಹೇಗೂ ಗರಿ ಹತ್ತು ನಿಮಿಷಕ್ಕೆ ಮೆತ್ತಗಾಗತ್ತೆ, ಪಾರ್ಸೆಲ್ ಡಬ್ಬೀಲಿ ಅರ್ಧ ಗಂಟೆ ಬಂದಿದ್ದು ಎಲ್ಲಿ ಗರಿಗರಿ ಇರತ್ತೆ ಹೇಳಿ.

ಅಗುಳೆಣಿಸೋನು

ಎಲ್ರಿಗೂ ಥ್ಯಾಂಕ್ಸ್, ಹತ್ತು ದಿನ ಆದ್ಮೇಲೆ ಬರೀತಾ ಇದೀನಿ. ಅತ್ತೆ ಮನೇಲಿ ಮೂಲೇಲಿದ್ದ ಕಬ್ಬಿಣದ ಬಾಣಲೆ ತಂದು ಉಜ್ಜಿ ಉಜ್ಜಿ ತೋಳು ನೋವು, ನಾಲ್ಕು ಸಲ ಎಣ್ಣೆ ಕಾಯ್ಸಿದೆ, ಮನೆ ತುಂಬ ಹೊಗೆ, ಕಿಟಕಿ ತೆಗೀರಿ ಅಂತ ಯಾರೂ ಬರೀಲಿಲ್ಲ ನೋಡಿ.

ಮೊದ್ಲನೇ ದಿನ ಒಂದೊಂದೇ ಪ್ಲೇಟು ಹುರಿದೆ. ಫ್ರಿಜ್ಜಿನ ಅನ್ನ, ಮೊಟ್ಟೆ, ಕ್ಯಾರೆಟ್ಟು, ಈರುಳ್ಳಿ ಸೊಪ್ಪು, ಬೇಸ್ ಸಾಸ್ ಎರಡೇ ಚಮಚ. ಉದುರುದುರು ಬಂತು!! ನಂಗೇ ನಂಬ್ಕೆ ಬರ್ಲಿಲ್ಲ. ಒಂದೇ ತೊಂದ್ರೆ, ಎರಡನೇ ಪ್ಲೇಟ್ ಆಗೋವಷ್ಟ್ರಲ್ಲಿ ಮೊದ್ಲನೇದು ತಣ್ಣಗಾಗತ್ತೆ, ಅದಕ್ಕೆ ಈಗ ಅವಳು ತಿಂತಿದ್ದಂಗೆ ನಾನು ಹುರೀತೀನಿ, ನಂದು ಆದ್ಮೇಲೆ ಅವಳು ಪಾತ್ರೆ ತೊಳೀತಾಳೆ. ಚಿಕನ್ ಕಾರ್ನ್‌ಫ್ಲೋರ್ ಹಚ್ಚಿದ್ದು ನಿಜವಾಗ್ಲೂ ಮೆತ್ತಗೆ ಬಂತು. ಸೋಡಾದ್ದು ತೊಳೆಯೋಕೆ ಮರ್ತು ಒಂದ್ಸಲ ಸೋಪೂ ತಿಂದ್ವಿ 🙏

ಈ ಹತ್ತು ದಿನ ಒಂದೇ ಆರ್ಡರು, ಅದೂ ಸ್ಪ್ರಿಂಗ್ ರೋಲ್ ಮಾತ್ರ, ನಡ್ಕೊಂಡು ಹೋಗಿ ತಂದೆ. ಹೊಯ್ಸಿನ್ ಬಾಟ್ಲು ಇನ್ನೂ ಸೀಲ್ ತೆಗೆದಿಲ್ಲ, ಅದನ್ನ ಏನ್ಮಾಡೋದು ಅಂತ ಯಾರಾದ್ರೂ ಹೇಳಿ.

ಹೊಗೆಬಾಣಲೆ

ಅದಕ್ಕೆ ಬೆಳ್ಳುಳ್ಳಿ, ಸೋಯಾ, ಸ್ವಲ್ಪ ಜೇನು ಸೇರ್ಸಿ ಚಿಕನ್ ಕಾಲಿಗೆ ಹಚ್ಚಿ ಒಂದು ರಾತ್ರಿ ಬಿಟ್ಟು ಓವನ್ನಲ್ಲಿ ಬೇಯ್ಸಿ. ಸಕ್ಕರೆ ಇರೋದ್ರಿಂದ ಬೇಗ ಸೀದೋಗತ್ತೆ, ಕೊನೇ ಹತ್ತು ನಿಮಿಷ ಹತ್ರನೇ ನಿಂತ್ಕೊಳಿ. ಕಿಟಕಿ ತೆಗ್ದಿರ್ಲಿ.