ಮೂರು ವರ್ಷದ ಫೋನ್, ಮಧ್ಯಾಹ್ನಕ್ಕೇ ಚಾರ್ಜ್ ಖಾಲಿ: ರಿಪೇರಿ ಮಾಡಿಸೋದಾ, ಹೊಸ ಬ್ಯಾಟರಿಯ ಫೋನ್‌ಗೆ ಕಾಯೋದಾ?

ಹಳೇಸೆಟ್ (ಪ್ರಶ್ನೆ)

ಮೂರು ವರ್ಷ ದಾಟಿದ ಆಂಡ್ರಾಯ್ಡ್ ಫೋನ್, 128 ಜಿಬಿ. ಬೆಳಿಗ್ಗೆ 100 ಇದ್ದ ಚಾರ್ಜ್ ಮಧ್ಯಾಹ್ನ ಎರಡರ ಹೊತ್ತಿಗೆ 25ಕ್ಕೆ ಇಳಿದಿರುತ್ತದೆ. ಆಗ ಕ್ಯಾಮೆರಾ ತೆರೆದರೆ ಒಮ್ಮೊಮ್ಮೆ ಫೋನೇ ಆಫ್ ಆಗಿಬಿಡುತ್ತದೆ. ಚಾರ್ಜರ್ ಪಿನ್ನನ್ನು ಒಂದು ಕಡೆ ವಾಲಿಸಿ ಹಿಡಿದರೆ ಮಾತ್ರ ಚಾರ್ಜ್ ಹತ್ತುತ್ತದೆ. ಸ್ಟೋರೇಜ್‌ನಲ್ಲಿ ಖಾಲಿ ಇರುವುದು 3 ಜಿಬಿ, ಕೀಬೋರ್ಡ್ ಮೇಲೆ ಬರುವುದಕ್ಕೇ ಎರಡು ಸೆಕೆಂಡ್ ಬೇಕು. ಪರದೆಗೆ ಏನೂ ಆಗಿಲ್ಲ, ಕ್ಯಾಮೆರಾನೂ ಚೆನ್ನಾಗಿದೆ. 7000 ಎಂಎಎಚ್ (ಬ್ಯಾಟರಿ ಎಷ್ಟು ಚಾರ್ಜ್ ಹಿಡಿಸುತ್ತದೆ ಅನ್ನುವ ಅಳತೆ) ದಾಟಿದ ಸಿಲಿಕಾನ್-ಕಾರ್ಬನ್ ಬ್ಯಾಟರಿ ಫೋನ್‌ಗಳು ಬರುತ್ತಿವೆಯಲ್ಲ, ಅವಕ್ಕೆ ಕಾಯಲೋ ಅಥವಾ ಇದನ್ನೇ ಸರಿಮಾಡಿಸಲೋ? ಗೊತ್ತಿದ್ದವರು ದಯವಿಟ್ಟು ಹೇಳಿ.

ಬೆಸುಗೆ

ನಿಮ್ಮ ಫೋನಿಗೆ ಬಂದಿರುವುದು ಒಂದೇ ಕಾಯಿಲೆ ಅಲ್ಲ. ಪೋರ್ಟ್, ಬ್ಯಾಟರಿ, ಸ್ಟೋರೇಜ್ ಹೀಗೆ ಮೂರು ಬೇರೆ ಬೇರೆ ತೊಂದರೆಗಳು ಒಟ್ಟಿಗೆ ಸೇರಿಕೊಂಡಿವೆ. ಆದರೆ ಯಾವುದಕ್ಕೂ ಕೈ ಹಾಕುವ ಮೊದಲು ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್ ಫೋನ್’ ತೆರೆದು, ಆಂಡ್ರಾಯ್ಡ್ ವರ್ಶನ್ ಒಳಗೆ ‘ಸೆಕ್ಯುರಿಟಿ ಅಪ್‌ಡೇಟ್’ (ಸುರಕ್ಷತೆಯ ಲೋಪಗಳನ್ನು ಮುಚ್ಚಲು ಕಂಪನಿ ಕಳಿಸುವ ತೇಪೆ) ದಿನಾಂಕ ನೋಡಿ. ಕಳೆದ ಎರಡು ಮೂರು ತಿಂಗಳ ಒಳಗಿನದಾಗಿದ್ದರೆ ಈ ಫೋನಿಗೆ ಖರ್ಚು ಮಾಡಬಹುದು. ವರ್ಷದ ಹಿಂದೆಯೇ ನಿಂತಿದ್ದರೆ, ಬ್ಯಾಂಕ್ ಆ್ಯಪ್ ಇಟ್ಟುಕೊಂಡ ಫೋನಿಗೆ ಬ್ಯಾಟರಿ ಹಾಕಿಸುವುದರಲ್ಲಿ ಅರ್ಥವಿಲ್ಲ.

ಈಗ ಪೋರ್ಟ್. ಪಿನ್ ಪೂರ್ತಿ ಒಳಗೆ ಹೋದಾಗ ‘ಟಕ್’ ಅನ್ನಬೇಕು. ಹಾಗೆ ಅನ್ನದೆ, ಪಿನ್ನಿನ ಬುಡಕ್ಕೂ ಫೋನಿನ ಅಂಚಿಗೂ ನಡುವೆ ಸಣ್ಣ ಸಂದು ಉಳಿದರೆ ಒಳಗೆ ಕಸ ಕೂತಿದೆ ಅಂತಲೇ ಲೆಕ್ಕ. ಜೇಬಿನ ನೂಲು, ಧೂಳು ಒಳಹೊಕ್ಕಿರುತ್ತದೆ. ಪ್ರತಿ ಸಲ ಚಾರ್ಜರ್ ಚುಚ್ಚಿದಾಗಲೂ ಅದು ತಳಕ್ಕೆ ಒತ್ತಿಕೊಂಡು ಕೊನೆಗೆ ಕಂಬಳಿಯ ತುಂಡಿನ ಹಾಗೆ ಗಟ್ಟಿಯಾಗುತ್ತದೆ. ಆದ್ದರಿಂದಲೇ ವಾಲಿಸಿ ಹಿಡಿದರೆ ಮಾತ್ರ ಸಂಪರ್ಕ ಸಿಗುವುದು.

ಫೋನ್ ಪೂರ್ತಿ ಸ್ವಿಚ್ ಆಫ್ ಮಾಡಿ. ಮರದ ಹಲ್ಲುಕಡ್ಡಿಯ ತುದಿಯನ್ನು ಬ್ಲೇಡಿನಿಂದ ಚಪ್ಪಟೆಯಾಗಿ ಸೀಳಿಕೊಳ್ಳಿ. ಟಾರ್ಚ್ ಬಿಟ್ಟು ನೋಡಿದರೆ ಟೈಪ್-ಸಿ ಪೋರ್ಟಿನ ನಡುವೆ ತೆಳುವಾದ ನಾಲಗೆ ಕಾಣುತ್ತದೆ. ಅದರ ಮೇಲೆ 12, ಕೆಳಗೆ 12, ಒಟ್ಟು 24 ಸಂಪರ್ಕ ಬಿಂದುಗಳಿವೆ. ಆ ನಾಲಗೆಯನ್ನು ಮುಟ್ಟಬೇಡಿ, ಮೀಟಬೇಡಿ. ಕಡ್ಡಿಯನ್ನು ಹೊರಗೋಡೆಗೆ ಒತ್ತಿಕೊಂಡು ತಳದವರೆಗೆ ಇಳಿಸಿ, ಪಕ್ಕಕ್ಕೆ ಎಳೆದು ಹೊರಗೆ ತನ್ನಿ. ನಾಲ್ಕೈದು ಸಲ ಮಾಡಿದರೆ ಕಸ ಉಂಡೆಯಾಗಿ ಬರುತ್ತದೆ. ಪಿನ್ನು, ಸೂಜಿ, ಸಿಮ್ ತೆಗೆಯುವ ಕಡ್ಡಿ ಬೇಡ, ಲೋಹ ತಾಗಿದರೆ ಶಾರ್ಟ್ ಆಗಬಹುದು. ಬಾಯಿಂದ ಊದಲೂಬೇಡಿ, ಉಸಿರಿನ ತೇವ ಒಳಗೆ ಹೋಗುತ್ತದೆ.

ಇಷ್ಟಾದ ಮೇಲೂ ಪಿನ್ ಅಲ್ಲಾಡಿದರೆ ಅದೇ ಕೇಬಲ್ಲನ್ನು ಬೇರೆ ಫೋನಿಗೆ ಹಾಕಿ ನೋಡಿ. ಅಲ್ಲಿ ಗಟ್ಟಿಯಾಗಿ ಕೂತರೆ ಸವೆದಿರುವುದು ನಿಮ್ಮ ಪೋರ್ಟ್. ಬಹಳಷ್ಟು ಆಂಡ್ರಾಯ್ಡ್ ಫೋನ್‌ಗಳಲ್ಲಿ ಅದು ಪುಟ್ಟದೊಂದು ಬೇರೆ ಬೋರ್ಡಿನ ಮೇಲಿರುತ್ತದೆ, ಅದನ್ನಷ್ಟೇ ಬದಲಿಸಬಹುದು. ಮದರ್‌ಬೋರ್ಡೇ ಹೋಗಿದೆ ಅಂತ ಯಾರಾದರೂ ಹೇಳಿದರೆ ಇನ್ನೊಬ್ಬರ ಹತ್ತಿರ ತೋರಿಸಿ.

25ರಲ್ಲಿ ಆಫ್ ಆಗುವುದು ಮಾತ್ರ ಹಳೆ ಬ್ಯಾಟರಿಯದೇ ಲಕ್ಷಣ. ಬ್ಯಾಟರಿ ಸವೆದಂತೆ ಅದರ ಒಳಗಿನ ಪ್ರತಿರೋಧ ಏರುತ್ತದೆ. ಕ್ಯಾಮೆರಾ ಒಮ್ಮೆಲೇ ಹೆಚ್ಚು ಕರೆಂಟ್ ಎಳೆದಾಗ ವೋಲ್ಟೇಜ್ ಧಡಕ್ಕನೆ ಕುಸಿಯುತ್ತದೆ, ಫೋನ್ ತನ್ನನ್ನು ಉಳಿಸಿಕೊಳ್ಳಲು ಆಫ್ ಆಗುತ್ತದೆ. ಇದಕ್ಕೆ ಯಾವ ‘ಬ್ಯಾಟರಿ ಸೇವರ್’ ಆ್ಯಪೂ ಮದ್ದಲ್ಲ. ಸೆಟ್ಟಿಂಗ್ಸ್‌ನ ಬ್ಯಾಟರಿ ಭಾಗದಲ್ಲಿ ಅಥವಾ ಕಂಪನಿಯ ಸಪೋರ್ಟ್ ಆ್ಯಪ್‌ನಲ್ಲಿ ‘ಬ್ಯಾಟರಿ ಹೆಲ್ತ್’ ಸಿಕ್ಕರೆ ನೋಡಿ, 80ಕ್ಕಿಂತ ಕೆಳಗಿದ್ದರೆ ಬದಲಿಸಿ. ಹಿಂಬದಿಯ ಕವಚ ಉಬ್ಬಿದ್ದರೆ ಅಥವಾ ಪರದೆಯ ಅಂಚು ಎದ್ದಿದ್ದರೆ ಮಾತ್ರ ಕಾಯಬೇಡಿ: ಚಾರ್ಜ್ ಮಾಡುವುದನ್ನು ಅಲ್ಲಿಗೇ ನಿಲ್ಲಿಸಿ, ಅದನ್ನು ಒತ್ತಿ ಕೂರಿಸಲು ಹೋಗದೆ ನೇರ ರಿಪೇರಿಗೆ ಕೊಡಿ.

ಕಡತಪಾಲಕ

ಬೆಸುಗೆಯವರು ಸ್ಟೋರೇಜ್ ವಿಷಯ ಬಿಟ್ಟಿದ್ದಾರೆ, ಅದನ್ನು ನಾನು ಹೇಳುತ್ತೇನೆ. ಕೀಬೋರ್ಡ್ ತಡವಾಗಿ ಬರುವುದಕ್ಕೆ ಪ್ರೊಸೆಸರ್ ಹಳೆಯದಾಗಿದ್ದೇ ಕಾರಣ ಅಂದುಕೊಳ್ಳಬೇಡಿ. ಫೋನಿನ ಸ್ಟೋರೇಜ್ ಆಗಿರುವ ಫ್ಲ್ಯಾಶ್ ಮೆಮೊರಿಯಲ್ಲಿ ಬರೆದ ಜಾಗದ ಮೇಲೆ ನೇರ ಮತ್ತೆ ಬರೆಯಲಾಗುವುದಿಲ್ಲ, ಮೊದಲು ಒಂದು ಇಡೀ ಬ್ಲಾಕ್ ಅಳಿಸಬೇಕು. ಖಾಲಿ ಜಾಗ ಕಡಿಮೆಯಾದಾಗ ಸಣ್ಣ ಫೈಲ್ ಬರೆಯುವುದಕ್ಕೂ ಅದು ಹಳೆ ಡೇಟಾವನ್ನು ಆಚೀಚೆ ಸಾಗಿಸಿ ಜಾಗ ಮಾಡಿಕೊಳ್ಳಬೇಕಾಗುತ್ತದೆ. 128 ಜಿಬಿಯಲ್ಲಿ 15 ಜಿಬಿಯಾದರೂ ಯಾವಾಗಲೂ ಖಾಲಿ ಇರಲಿ. ಸಿಸ್ಟಮ್ ಅಪ್‌ಡೇಟ್ ಇಳಿಯುವುದಕ್ಕೂ ಜಾಗ ಬೇಕಲ್ಲ.

ಮೊದಲು ವಾಟ್ಸ್ಆ್ಯಪ್. ಸೆಟ್ಟಿಂಗ್ಸ್, ‘ಸ್ಟೋರೇಜ್ ಅಂಡ್ ಡೇಟಾ’, ‘ಮ್ಯಾನೇಜ್ ಸ್ಟೋರೇಜ್’. ಅಲ್ಲಿ 5 ಎಂಬಿಗಿಂತ ದೊಡ್ಡ ಫೈಲುಗಳೂ ಹಲವು ಸಲ ಫಾರ್ವರ್ಡ್ ಆದವೂ ಬೇರೆಯಾಗಿ ಕಾಣುತ್ತವೆ. ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿಕೊಂಡು ಅಳಿಸುತ್ತಾ ಬನ್ನಿ. ಕೂಡಲೇ ಅದೇ ‘ಸ್ಟೋರೇಜ್ ಅಂಡ್ ಡೇಟಾ’ದಲ್ಲಿ ಮೀಡಿಯಾ ಆಟೊ-ಡೌನ್‌ಲೋಡ್‌ನ ವಿಡಿಯೊ ಟಿಕ್ ತೆಗೆಯಿರಿ. ಇಲ್ಲದಿದ್ದರೆ ಹಳೆಯದನ್ನು ಎಷ್ಟು ಗುಡಿಸಿದರೂ ಹೊಸದು ಬಂದು ತುಂಬುತ್ತದೆ.

ಒಂದು ಎಚ್ಚರಿಕೆ, ಇದರಲ್ಲಿ ಬಹಳ ಜನ ಪೆಟ್ಟು ತಿನ್ನುತ್ತಾರೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ ತೆರೆದಾಗ ‘ಕ್ಲಿಯರ್ ಕ್ಯಾಶ್’, ‘ಕ್ಲಿಯರ್ ಡೇಟಾ’ ಅಕ್ಕಪಕ್ಕ ಇರುತ್ತವೆ. ಮೊದಲನೆಯದು ತಾತ್ಕಾಲಿಕ ಫೈಲುಗಳನ್ನಷ್ಟೇ ತೆಗೆಯುತ್ತದೆ, ತೊಂದರೆಯಿಲ್ಲ; ಎರಡನೆಯದು ಲಾಗಿನ್ನನ್ನೂ ಆ್ಯಪ್ ತನ್ನೊಳಗೆ ಇಟ್ಟುಕೊಂಡ ಸಂದೇಶಗಳನ್ನೂ ಅಳಿಸಿಹಾಕುತ್ತದೆ.

ಗೂಗಲ್ ಫೋಟೋಸ್‌ನದೂ ಅಂಥದೇ ಬಲೆ. ಬ್ಯಾಕಪ್ ಆಗಿದೆಯಲ್ಲ ಅಂತ ಅದೇ ಆ್ಯಪ್‌ನಲ್ಲಿ ಮಾಮೂಲಿ ಡಿಲೀಟ್ ಒತ್ತಿದರೆ ಫೋನಿನಿಂದಲೂ ಕ್ಲೌಡಿನಿಂದಲೂ ಒಟ್ಟಿಗೆ ಹೋಗುತ್ತದೆ. ಫೋನಿನ ಪ್ರತಿ ಮಾತ್ರ ಹೋಗಬೇಕಾದರೆ ‘ಫ್ರೀ ಅಪ್ ಸ್ಪೇಸ್’ ಬಳಸಿ. ತಪ್ಪಾಗಿ ಅಳಿಸಿದ್ದರೆ ಗಾಬರಿ ಬೇಡ, ಬ್ಯಾಕಪ್ ಆದ ಚಿತ್ರ ಟ್ರ್ಯಾಶ್‌ನಲ್ಲಿ 60 ದಿನ ಇರುತ್ತದೆ, ಆಗದಿದ್ದದ್ದು 30 ದಿನ.

ಕೊನೆಗೆ ‘ರ್ಯಾಮ್ ಎಕ್ಸ್‌ಟೆನ್ಶನ್’ ಅಥವಾ ‘ರ್ಯಾಮ್ ಪ್ಲಸ್’ ಆನ್ ಇದ್ದರೆ ಆಫ್ ಮಾಡಿ ರೀಸ್ಟಾರ್ಟ್ ಕೊಡಿ. ಅದು ನಿಜವಾದ ರ್ಯಾಮ್ ಅಲ್ಲ. ಆಗಲೇ ಉಸಿರುಗಟ್ಟಿರುವ ಸ್ಟೋರೇಜಿನಿಂದಲೇ ಕೆಲವು ಜಿಬಿ ಕಿತ್ತುಕೊಂಡು ರ್ಯಾಮ್ ಹಾಗೆ ಬಳಸುತ್ತದೆ. ತುಂಬಿದ ಫೋನಿನಲ್ಲಿ ಅದರಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು.

ಹಳೇಸೆಟ್

ಇಬ್ಬರಿಗೂ ತುಂಬಾ ಧನ್ಯವಾದ. ಪೋರ್ಟಿನಿಂದ ಬೂದು ಬಣ್ಣದ ಉಂಡೆ ಬಂತು, ಈಗ ಪಿನ್ ‘ಟಕ್’ ಅಂತ ಕೂರುತ್ತದೆ. ವಾಟ್ಸ್ಆ್ಯಪ್ ಗುಡಿಸಿದ ಮೇಲೆ 34 ಜಿಬಿ ಖಾಲಿ, ಕೀಬೋರ್ಡ್ ತಡವರಿಸುತ್ತಿಲ್ಲ. ಸೆಕ್ಯುರಿಟಿ ಅಪ್‌ಡೇಟ್ ಕಳೆದ ತಿಂಗಳದ್ದು, ಕಂಪನಿಯ ಮಾತಿನ ಪ್ರಕಾರ ಇನ್ನೂ ಎರಡು ವರ್ಷ ಬರಬೇಕು. ಬ್ಯಾಟರಿ ಹೆಲ್ತ್ 74. ಇದಕ್ಕೇ ಸಿಲಿಕಾನ್-ಕಾರ್ಬನ್ ಬ್ಯಾಟರಿ ಹಾಕಿಸಬಹುದೇ?

ಮಿಂಚುಕೋಶ

ಆಗುವುದಿಲ್ಲ. ಫೋನಿನ ಚಾರ್ಜಿಂಗ್ ಚಿಪ್ ಎಷ್ಟು ವೋಲ್ಟಿನವರೆಗೆ ತುಂಬಬೇಕು, ಎಲ್ಲಿ ನಿಲ್ಲಿಸಬೇಕು ಅನ್ನುವುದೆಲ್ಲ ಆ ಫೋನಿನ ಮೂಲ ಸೆಲ್‌ಗೆ (ಬ್ಯಾಟರಿಯ ಒಳಗಿನ ಕೋಶಕ್ಕೆ) ಹೊಂದಿಸಿದ್ದು. ಅದೇ ಅಳತೆಯಲ್ಲಿ ‘ಹೈ ಕೆಪಾಸಿಟಿ’ ಅಂತ ಬರೆದ ಬ್ಯಾಟರಿ ಸಿಕ್ಕರೆ ಆ ಬರಹವನ್ನು ನಂಬಬೇಡಿ. ಮೂಲ ಬ್ಯಾಟರಿಯ ಮಾಡೆಲ್ ಸಂಖ್ಯೆಯದ್ದನ್ನೇ ಕೇಳಿ ಹಾಕಿಸಿ.

ಆ ಹೊಸ ಬ್ಯಾಟರಿಯ ಮರ್ಮ ಆ್ಯನೋಡ್‌ನಲ್ಲಿದೆ, ಅಂದರೆ ಚಾರ್ಜ್ ಆಗುವಾಗ ಲಿಥಿಯಂ ಬಂದು ಸೇರುವ ಬದಿಯಲ್ಲಿ. ಮಾಮೂಲಿ ಬ್ಯಾಟರಿಯಲ್ಲಿ ಅಲ್ಲಿರುವುದು ಗ್ರಾಫೈಟ್, ಗ್ರಾಮಿಗೆ ಹೆಚ್ಚೆಂದರೆ 372 ಎಂಎಎಚ್ ಹಿಡಿಸುತ್ತದೆ. ಸಿಲಿಕಾನ್ ಲೆಕ್ಕದ ಪ್ರಕಾರ 3500 ದಾಟುತ್ತದೆ. ಹಾಗಾದರೆ ಬರೀ ಸಿಲಿಕಾನ್ ಯಾಕೆ ತುಂಬುವುದಿಲ್ಲ ಅಂದರೆ, ಲಿಥಿಯಂ ಒಳಹೊಕ್ಕಾಗ ಅದು ಸುಮಾರು ಮೂರು ಪಟ್ಟು ಉಬ್ಬುತ್ತದೆ, ಹೊರಬಂದಾಗ ಕುಗ್ಗುತ್ತದೆ. ದಿನಾ ಹೀಗೆ ಉಬ್ಬಿ ಕುಗ್ಗಿದರೆ ಪುಡಿಯಾಗದೇ ಇರುತ್ತದೆಯೇ? ಅದಕ್ಕೇ ಕಾರ್ಬನ್ನಿನ ಚೌಕಟ್ಟಿನೊಳಗೆ ಸ್ವಲ್ಪ ಪಾಲು ಸಿಲಿಕಾನ್ ಸೇರಿಸುತ್ತಾರೆ. 2023ರಲ್ಲಿ ಆನರ್ ಮ್ಯಾಜಿಕ್ 5 ಪ್ರೊ ಫೋನಿನ ಚೀನಾ ಆವೃತ್ತಿ ಇದನ್ನು 5450 ಎಂಎಎಚ್‌ನಲ್ಲಿ ತಂದಿತು, ಆಮೇಲೆ ಅದೇ ದಪ್ಪದ ಫೋನುಗಳಲ್ಲಿ 6000, 7000 ಸಾಮಾನ್ಯವಾಗುತ್ತಾ ಬಂತು. ಒಂದೇ ಮಾಡೆಲ್ ಒಂದು ಕಡೆ ದೊಡ್ಡ ಬ್ಯಾಟರಿಯೊಂದಿಗೆ, ಇನ್ನೊಂದು ಕಡೆ ಚಿಕ್ಕದರೊಂದಿಗೆ ಬರುವುದನ್ನು ನೋಡಿರುತ್ತೀರಿ. ಅದಕ್ಕೆ ಸಾಗಣೆಯ ನಿಯಮವೂ ಒಂದು ಕಾರಣ: ಒಂದು ಸೆಲ್ 20 ವ್ಯಾಟ್-ಅವರ್ (ಅದು ಹಿಡಿಸುವ ಒಟ್ಟು ಶಕ್ತಿಯ ಅಳತೆ) ದಾಟಿದರೆ ನಿಯಮ ಬಿಗಿಯಾಗುತ್ತದೆ. 5000 ಎಂಎಎಚ್ ಸೆಲ್ ಹತ್ತಿರ ಹತ್ತಿರ 19ರಲ್ಲಿ ನಿಲ್ಲುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಅಪ್‌ಡೇಟ್ ಇನ್ನೂ ಬರುತ್ತಿರುವ ಫೋನನ್ನು ಎಂಎಎಚ್ ಅಂಕಿಗಾಗಿ ಬಿಡಬೇಡಿ. ಬ್ಯಾಟರಿ ಬದಲಿಸಿ ಎರಡು ವರ್ಷ ನಡೆಸಿ. ಆಮೇಲೆ ಕೊಳ್ಳುವಾಗ ಮೊದಲು ಕೇಳಬೇಕಾದ ಪ್ರಶ್ನೆ ಅಪ್‌ಡೇಟ್ ಎಷ್ಟು ವರ್ಷ ಅನ್ನುವುದು. 2023ರ ಪಿಕ್ಸೆಲ್ 8, 2024ರ ಗ್ಯಾಲಕ್ಸಿ ಎಸ್24 ಏಳು ವರ್ಷದ ಮಾತು ಕೊಟ್ಟ ಮೇಲೆ ಎರಡು ವರ್ಷ ಅನ್ನುವವರನ್ನು ಒಪ್ಪಿಕೊಳ್ಳುವ ಅಗತ್ಯವಿಲ್ಲ. ಎರಡನೆಯದು, ಎಷ್ಟು ಸೈಕಲ್ (ಒಂದು ಪೂರ್ತಿ ಬ್ಯಾಟರಿಯಷ್ಟು ಚಾರ್ಜ್ ಬಳಸಿ ಮತ್ತೆ ತುಂಬಿಸುವುದು ಒಂದು ಸೈಕಲ್) ಆದ ಮೇಲೂ ಬ್ಯಾಟರಿಯಲ್ಲಿ 80 ಶೇಕಡಾ ಉಳಿಯುತ್ತದೆ ಅಂತ ಹೇಳಿದ್ದಾರೆ ಅನ್ನುವುದು. ಯುರೋಪ್ ಒಕ್ಕೂಟ 2025ರ ಜೂನ್‌ನಿಂದ ಕನಿಷ್ಠ 800 ಸೈಕಲ್ ಕಡ್ಡಾಯ ಮಾಡಿದೆ, ಅದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಿ.

ಕೇಬಲ್ ಬಗ್ಗೆಯೂ ಒಂದು ಮಾತು. ಟೈಪ್-ಸಿ ಕೇಬಲ್‌ಗಳೆಲ್ಲ ಒಂದೇ ಅಲ್ಲ. ಸಾಮಾನ್ಯದ್ದು 3 ಆ್ಯಂಪಿಯರ್, ಅಂದರೆ 20 ವೋಲ್ಟಿನಲ್ಲಿ 60 ವ್ಯಾಟ್. ಅದಕ್ಕಿಂತ ಹೆಚ್ಚು ಬೇಕಾದರೆ ಒಳಗೆ ಚಿಪ್ ಇರುವ 5 ಆ್ಯಂಪಿಯರ್ ಕೇಬಲ್ಲೇ ಬೇಕು. ಚಾರ್ಜರ್ ದೊಡ್ಡದು, ಫೋನೂ ಹೊಸದು, ಆದರೂ ಚಾರ್ಜ್ ನಿಧಾನ ಅಂದರೆ ನಾನು ಮೊದಲು ಅನುಮಾನಿಸುವುದು ಕೇಬಲ್ಲನ್ನೇ.

ಬೆಸುಗೆ

ಸರಿಯಾದ ಮಾತು. ಹಾಗಿದ್ದರೆ ಫೋನ್ ರಿಪೇರಿಗೆ ಕೊಡುವ ಮೊದಲು ಪೂರ್ತಿ ಬ್ಯಾಕಪ್ ಮಾಡಿಕೊಳ್ಳಿ, ಓಟಿಪಿ ತೋರಿಸುವ ಅಥೆಂಟಿಕೇಟರ್ ಆ್ಯಪ್ ಇದ್ದರೆ ಅದನ್ನೂ ಇನ್ನೊಂದು ಫೋನಿಗೆ ದಾಟಿಸಿ. ಸಿಮ್ ತೆಗೆದಿಟ್ಟುಕೊಳ್ಳಿ. ಸ್ಯಾಮ್‌ಸಂಗ್ ಆದರೆ ‘ಮೇಂಟೆನೆನ್ಸ್ ಮೋಡ್’, ಪಿಕ್ಸೆಲ್ ಆದರೆ ‘ರಿಪೇರ್ ಮೋಡ್’ ಆನ್ ಮಾಡಿ ಕೊಡಿ, ಆಗ ಪಾಸ್‌ವರ್ಡ್ ಹೇಳದೆಯೂ ಅವರು ಫೋನನ್ನು ಪರೀಕ್ಷಿಸಬಹುದು, ನಿಮ್ಮ ಚಿತ್ರ-ಸಂದೇಶ ಕಾಣುವುದಿಲ್ಲ. ಹಿಂಬದಿ ಬಿಚ್ಚಿದಾಗ ಅಂಚಿನ ಅಂಟು ಹರಿಯುತ್ತದೆ. ಹೊಸ ಅಂಟುಪಟ್ಟಿ ಹಾಕಲು ಕೇಳಿ, ಹಾಕಿದರೂ ಇನ್ನು ಮುಂದೆ ಅದನ್ನು ನೀರು ತಾಳುವ ಫೋನ್ ಅಂತ ಎಣಿಸಬೇಡಿ.

ಹೊಸ ಬ್ಯಾಟರಿ ಬಂದ ಮೇಲೆ ಸೆಟ್ಟಿಂಗ್ಸ್‌ನಲ್ಲಿ ಚಾರ್ಜ್ 80ಕ್ಕೆ ನಿಲ್ಲಿಸುವ ಆಯ್ಕೆ ಇದ್ದರೆ ಹಾಕಿ, ಪ್ರಯಾಣದ ದಿನ ಮಾತ್ರ ತೆಗೆಯಿರಿ. ರಾತ್ರಿ ದಿಂಬಿನಡಿ ಇಟ್ಟು ಚಾರ್ಜ್ ಮಾಡುವ ರೂಢಿ ಇದ್ದರೆ ಬಿಡಿ. ಕೇಸ್ ಹಾಕಿದ ಫೋನ್ ಚಾರ್ಜ್ ಆಗುವಾಗ ಕೈಗೆ ಬಿಸಿ ತಾಗುತ್ತಿದ್ದರೆ ಕೇಸ್ ತೆಗೆದು ಗಟ್ಟಿ ಮೇಜಿನ ಮೇಲಿಡಿ.